ಸಿಕ್ಕಣ್ಣನ ತಲೆಕೆಳಗಿನ ಕ್ಯಾಮೆರಾ

ಸಿಕ್ಕಣ್ಣ ಲಿಫ್ಟ್ ರಿಪೇರಿಯವನು. ಹಗಲೆಲ್ಲ ಯಾರದೋ ಕಟ್ಟಡದ ಲಿಫ್ಟಿನ ಗುಂಡಿಯಲ್ಲಿ ಇಳಿದು ಕೂತು, ಸಂಜೆ ಗ್ರೀಸು ಮೆತ್ತಿದ ಕೈಯಲ್ಲೇ ತನ್ನ ಕೋಣೆಯ ಮೆಟ್ಟಿಲು ಹತ್ತುತ್ತಿದ್ದ. ಊರ ಜನರನ್ನೆಲ್ಲ ಮೇಲೆ ಕೆಳಗೆ ಓಡಾಡಿಸುವವನ ಮನೆಗೇ ಲಿಫ್ಟ್ ಇರಲಿಲ್ಲ. ಕೋಣೆಯ ಕೆಳಗೆ ಪುಸ್ತಕ ಹೊಲಿಯುವ ಬೈಂಡರನ ಅಂಗಡಿ. ಹೊಲಿಯುವ ಮೊದಲು ಪುಸ್ತಕವನ್ನು ಓದಿಬಿಡುವ ಚಟ ಬೈಂಡರನಿಗೆ. ಹಾಗಾಗಿ ಅವನ ಕೆಲಸ ಯಾವತ್ತೂ ತಡ. ಅಂಗಡಿ ಮುಚ್ಚಿದ ಮೇಲೆ ಅವನೂ ಅದೇ ಮೆಟ್ಟಿಲು ಹತ್ತಿ ಸಿಕ್ಕಣ್ಣನ ಮಂಚದ ತುದಿಯಲ್ಲಿ ಕೂರುತ್ತಿದ್ದ. ಗೋಂದಿನ ವಾಸನೆಯೂ ಗ್ರೀಸಿನ ವಾಸನೆಯೂ ಸೇರಿದರೆ ಸಂಜೆಯಾಯಿತೆಂದು ಅರ್ಥ.

ಸಿಕ್ಕಣ್ಣ ಅನ್ನುವ ಹೆಸರು ಬಂದದ್ದು ಅವನ ಚೀಲದಲ್ಲಿ ಸದಾ ಗೋಜಲಾಗಿರುವ ವೈರುಗಳಿಂದ ಎಂದು ಬೈಂಡರ ಬಹಳ ಕಾಲ ನಂಬಿದ್ದ. ಅದು ತಪ್ಪು. ಹೆಸರಿಟ್ಟವಳು ಅವನ ಅಕ್ಕ. ಅವಳಿಗೆ ಹುಟ್ಟಿನಿಂದ ಕಿವಿ ಕೇಳದು, ಮಾತೆಲ್ಲ ಕೈಯಲ್ಲಿ. ಎರಡೂ ತೋರುಬೆರಳುಗಳನ್ನು ಒಂದಕ್ಕೊಂದು ಸಿಕ್ಕಿಸಿ ತೋರಿಸಿದರೆ ಅದೇ ತಮ್ಮ. ಚಿಕ್ಕಂದಿನಲ್ಲಿ ಅವಳ ಜಡೆಯೊಳಗೆ ಬೆರಳು ಸಿಕ್ಕಿಸಿಕೊಂಡು ಅಳುತ್ತಿದ್ದನಂತೆ.

ಅಕ್ಕ ಬೇರೆ ಊರಿನ ಬೇಕರಿಯಲ್ಲಿ ಹಿಟ್ಟು ನಾದುತ್ತಿದ್ದಳು. ಕಣ್ಣೂ ಈಚೆಗೆ ಕೈಕೊಡತೊಡಗಿತ್ತು. ನೋಟ ಅಂಚಿನಿಂದ ಒಳಕ್ಕೆ ಕಿರಿದಾಗುತ್ತ ಬರುತ್ತಿದೆ, ತಡೆಯಲು ಔಷಧಿಯಿಲ್ಲ ಎಂದಿದ್ದರು ಡಾಕ್ಟರು. ಫೋನಿನ ಪುಟ್ಟ ಪರದೆಯಲ್ಲಿ ತಮ್ಮನ ಬೆರಳು ಅವಳಿಗೆ ತಿಳಿಯುತ್ತಿರಲಿಲ್ಲ. ಅದಕ್ಕೆಂದೇ ಇಬ್ಬರಿಗೂ ಒಂದೇ ಜಾತಿಯ, ಹಿಂದಕ್ಕೂ ಪೂರ್ತಿ ಮಡಚುವ ದೊಡ್ಡ ಪರದೆಯ ಲ್ಯಾಪ್‌ಟಾಪ್ ತಂದಿದ್ದ ಸಿಕ್ಕಣ್ಣ. ತಂದವನು ಸುಮ್ಮನಿದ್ದನೇ? ಇದ್ದ ಸಿಸ್ಟಮ್ ತೆಗೆದು ಎರಡಕ್ಕೂ ಲಿನಕ್ಸ್ ಹಾಕಿದ. ಲ್ಯಾಪ್‌ಟಾಪ್ ಕುದುರೆಯ ಹಾಗೆ ಓಡಿತು. ಕ್ಯಾಮೆರಾ ಮಾತ್ರ ಕುರುಡಾಯಿತು.

"ಹಳೇದನ್ನೇ ವಾಪಸ್ ಹಾಕ್ಬಿಡೋ," ಎಂದಿದ್ದ ಬೈಂಡರ.

"ಲಿಫ್ಟ್ ಕೆಟ್ರೆ ಕಟ್ಟಡ ಬದಲಾಯಿಸ್ತಾರೇನೋ ರಟ್ಟಪ್ಪಾ?"

ಬೈಂಡರನನ್ನು ಅವನು ಕರೆಯುತ್ತಿದ್ದದ್ದೇ ರಟ್ಟಪ್ಪ ಎಂದು.

"ಕ್ಯಾಮೆರಾ ಇದೆಯಲ್ಲ, ಇಲ್ಲೇ ಮೇಲೆ, ತೂತು."

"ತೂತು ನಿನಗೆ ಕಾಣುತ್ತೆ. ಲಿನಕ್ಸ್‌ಗೆ ಕಾಣಬೇಕಲ್ಲ!"

ಮೊದಲಿನ ಕ್ಯಾಮೆರಾಗಳು ಚಿತ್ರವನ್ನು ಸಿದ್ಧಮಾಡಿಯೇ ಕೊಡುತ್ತಿದ್ದವಂತೆ. ಈಗಿನವು ಬರೀ ಹಸಿ ಬೆಳಕನ್ನು ಸುರಿಯುತ್ತವೆ. ಅದನ್ನು ಯಾವ ತಂತಿಯಿಂದ ಎಬ್ಬಿಸಬೇಕು, ಎಬ್ಬಿಸಿದ ಮೇಲೆ ಏನು ಹೇಳಬೇಕು ಅನ್ನುವುದನ್ನು ತಯಾರಿಸಿದವರು ಯಾರಿಗೂ ಬಾಯಿಬಿಡುವುದಿಲ್ಲ. ಊಹಿಸಿ ಊಹಿಸಿ ಒಬ್ಬ ದುಭಾಷಿಯನ್ನು ಬರೆಯಬೇಕು. ಅದಕ್ಕೆ ಡ್ರೈವರ್ ಎಂದು ಹೆಸರು. ಅದು ಲಿನಕ್ಸಿನ ತಿರುಳಾದ ಕರ್ನೆಲ್ ಒಳಗೆ ಸೇರಬೇಕು. ಸೇರಿಸುವವರು ಎಲ್ಲೆಲ್ಲೋ ಇರುವ, ಮುಖ ನೋಡದ ಜನ. ಬರೆದದ್ದನ್ನು ಈಮೇಲಿನಲ್ಲಿ ಕಳಿಸಿದರೆ ಸಾಲು ಸಾಲಿಗೂ ತಪ್ಪು ಹುಡುಕಿ ವಾಪಸ್ ಕಳಿಸುತ್ತಾರೆ. ಇಷ್ಟು ಬೈಂಡರನಿಗೆ ತಿಳಿದಿತ್ತು, ಅಂದರೆ ತಿಳಿದಂತೆ ಅನಿಸಿತ್ತು.

ಮೊದಮೊದಲು ಕ್ಯಾಮೆರಾ ಪಕ್ಕದ ದೀಪ ಹತ್ತುತ್ತಿತ್ತು, ಚಿತ್ರ ಮಾತ್ರ ಮಸಿ ಬಳಿದಂತೆ ಕಪ್ಪು. ಸಿಕ್ಕಣ್ಣ ತಲೆ ಕೆರೆದುಕೊಂಡ. ದುಭಾಷಿ ಎಲ್ಲ ಸರಿಯಿದೆ ಅನ್ನುತ್ತಾನೆ, ದೀಪವೂ ಸರಿಯಿದೆ ಅನ್ನುತ್ತದೆ, ಕಣ್ಣು ಬಿಡುತ್ತಿಲ್ಲ. ತಿಂಗಳುಗಳೇ ಕಳೆದವು. ಒಂದು ಸಂಜೆ ಬೈಂಡರ ಬಾಗಿಲಲ್ಲಿ ಕಾಲಿಡುತ್ತಲೇ ಅವನು ಮಂಚದಿಂದ ಎದ್ದು ನಿಂತಿದ್ದ.

"ಏಳು ಅಂದ್ರೆ ಮಲಗ್ತಾ ಇತ್ತು ಕಣೋ! ಈ ಮೆಷೀನಲ್ಲಿ ಆ ತಂತಿ ಉಲ್ಟಾ. ಮಲಗು ಅಂದೆ, ಎದ್ದು ಕೂತ್ಕೊಂತು."

"ನಮ್ಮ ತಂಗಿ ಮಗನೂ ಹಾಗೇ."

ಚಿತ್ರ ಬಂತು. ಹಸಿರು ಬಡಿದ, ಮಂಕು ಚಿತ್ರ. ಬಣ್ಣ ಸರಿಪಡಿಸಲು ಎದುರಿಗೆ ಏನಾದರೂ ಅಲುಗಾಡದ್ದು ಬೇಕೆಂದ. ಬೈಂಡರ ಒಂದು ರಟ್ಟಿನ ಮೇಲೆ ಕಪ್ಪು ಬಿಳಿ ಕಾಗದದ ಚೌಕಗಳನ್ನು ಅಂಟಿಸಿ ಚದುರಂಗದ ಹಾಸಿನಂಥದ್ದೊಂದನ್ನು ಮಾಡಿಕೊಟ್ಟ. ಸಿಕ್ಕಣ್ಣ ಅದನ್ನು ಗೋಡೆಗೆ ನೇತುಹಾಕಿ, ಕ್ಯಾಮೆರಾವನ್ನು ಅದಕ್ಕೇ ಹಿಡಿದು ಕೂತ. ತನ್ನ ಮುಖಕ್ಕೆ ಒಮ್ಮೆಯೂ ಹಿಡಿಯಲಿಲ್ಲ. "ನನ್ನ ಮೂತಿ ನೋಡ್ಕೊಂಡು ಏನ್ ಮಾಡ್ಲಿ? ಮೊದಲು ನೋಡೋದು ಅಕ್ಕನೇ."

ಬರೆದದ್ದು ಹೋಯಿತು, ವಾಪಸ್ ಬಂತು, ತಿದ್ದಿಸಿಕೊಂಡು ಮತ್ತೆ ಹೋಯಿತು. ಕೊನೆಗೆ ಒಪ್ಪಿದರು. ಇಬ್ಬರ ಲ್ಯಾಪ್‌ಟಾಪೂ ಶನಿವಾರ ತಂತಾನೇ ಅಪ್‌ಡೇಟ್ ಆಗುವಂತೆ ಇಟ್ಟಿದ್ದ. ಅದು ಬಂದಿಳಿದ ಮರುದಿನ, ಭಾನುವಾರ, ಅಕ್ಕನಿಗೆ ಕರೆ ಹೋಯಿತು.

ಅಕ್ಕ ಕಂಡಳು. ಮಾಡಿಗೆ ನೇತುಬಿದ್ದ ಬಾವಲಿಯ ಹಾಗೆ ಕಂಡಳು. ತಲೆ ಕೆಳಗೆ, ಮೇಜು ಮೇಲೆ, ಕೈಗಳು ಮೇಲಿನಿಂದ ಇಳಿದು ಬಂದು ಏನನ್ನೋ ಹೇಳುತ್ತಿದ್ದವು. ಸಿಕ್ಕಣ್ಣನಿಗೆ ಒಂದಕ್ಷರ ಅರ್ಥವಾಗಲಿಲ್ಲ. ಅವನು ಗಾಬರಿಯಲ್ಲಿ ಬೆರಳಾಡಿಸಿದ್ದು ಅವಳಿಗೂ ಹಾಗೆಯೇ ಕಂಡಿರಬೇಕು. ಕಣ್ಣು ಕಿರಿದು ಮಾಡಿ ಪರದೆಗೆ ಮೂಗು ತಾಗಿಸಿದಳು.

ಬೈಂಡರ ಗೋಡೆಯ ಕಡೆ ನೋಡಿದ. ಚದುರಂಗದ ಹಾಸು ಮೇಲು ಕೆಳಗಾದರೂ ಚದುರಂಗದ ಹಾಸೇ. ತಯಾರಿಸಿದವರು ಕ್ಯಾಮೆರಾವನ್ನು ತಲೆಕೆಳಗಾಗಿ ಕೂರಿಸಿದ್ದರು, ಸಿಕ್ಕಣ್ಣ ತಿಂಗಳುಗಟ್ಟಲೆ ನೋಡಿದರೂ ಅದು ಗೊತ್ತಾಗಿರಲಿಲ್ಲ.

"ನಿನ್ನ ರಟ್ಟು ನನ್ನ ಮಾನ ಕಳೀತಲ್ಲೋ!"

"ನನ್ನ ರಟ್ಟು ನೆಟ್ಟಗಿದೆ. ನಿನ್ನ ದುಭಾಷಿಯೇ ಶೀರ್ಷಾಸನ ಹಾಕಿರೋದು."

ಇವರು ಹೀಗೆ ಕಚ್ಚಾಡುತ್ತಿರುವಾಗ ಪರದೆ ಅಲ್ಲಾಡಿತು. ಅಕ್ಕ ಲ್ಯಾಪ್‌ಟಾಪನ್ನು ಎತ್ತಿ, ಪರದೆಯನ್ನು ಪೂರ್ತಿ ಹಿಂದಕ್ಕೆ ಮಡಚಿ, ಮಗುಚಿ, ಗುಡಾರದ ಹಾಗೆ ಮೇಜಿನ ಮೇಲೆ ನಿಲ್ಲಿಸಿದಳು. ಅವಳು ನೆಟ್ಟಗಾದಳು. ಹಿಟ್ಟು ಮೆತ್ತಿದ ತೋರುಬೆರಳುಗಳನ್ನು ಒಂದಕ್ಕೊಂದು ಸಿಕ್ಕಿಸಿ ನಕ್ಕಳು. ನೀನೂ ನೆಟ್ಟಗೆ ಕಾಣುತ್ತಿದ್ದೀಯ ಅಂದಳು.

"ಅವಳು ಮಗುಚಿದ್ದು ಅವಳ ಲ್ಯಾಪ್‌ಟಾಪ್. ನೀನು ಹೇಗೋ ಸರಿಹೋದೆ?" ಎಂದು ಬೈಂಡರ ಕೇಳಿದ.

ಸಿಕ್ಕಣ್ಣನಿಗೂ ತಕ್ಷಣ ಹೊಳೆಯಲಿಲ್ಲ. ಕರೆ ಮುಗಿದ ಮೇಲೆ ಎರಡು ಪುಸ್ತಕ ಹಿಡಿದು, ಒಂದನ್ನು ಮಗುಚಿ ಮಗುಚಿ ನೋಡಿದ. ನನ್ನ ಕ್ಯಾಮೆರಾ ನನ್ನನ್ನು ತಲೆಕೆಳಗೆ ಕಳಿಸುತ್ತೆ, ಅವಳ ಪರದೆಯೇ ತಲೆಕೆಳಗಿರೋದರಿಂದ ಅಲ್ಲಿ ನೆಟ್ಟಗಾಗುತ್ತೆ, ಎಂದ. ಬೈಂಡರ ತಲೆಯಾಡಿಸಿದ. ಅರ್ಥವಾಗಿರಲಿಲ್ಲ. ಒಮ್ಮೆ ಪುಸ್ತಕವೊಂದಕ್ಕೆ ರಟ್ಟನ್ನು ತಲೆಕೆಳಗಾಗಿ ಹೊಲಿದಿದ್ದು ನೆನಪಾಗಿ, ಅದನ್ನೇ ಯೋಚಿಸುತ್ತ ಕೆಳಗಿಳಿದ.

ಅಲ್ಲಿಂದ ಪ್ರತಿ ಭಾನುವಾರ ಅಕ್ಕನ ಲ್ಯಾಪ್‌ಟಾಪ್ ಗುಡಾರವಾಯಿತು. ಸಿಕ್ಕಣ್ಣ ಚಿತ್ರ ತಿರುಗಿಸುವ ತಿದ್ದುಪಡಿ ಬರೆದು ತನ್ನದರಲ್ಲಿ ಹಾಕಿ ನೋಡಿದ. ಚೆನ್ನಾಗಿ ನಡೆಯಿತು. ಆ ಭಾನುವಾರ ಅಕ್ಕ ಕೈಯಿಂದ ಕಣ್ಣು ಮುಚ್ಚಿಕೊಂಡಳು. ಅವಳಿಗೆ ತಮ್ಮ ಮತ್ತೆ ನೇತಾಡುತ್ತಿದ್ದ.

"ನಂದು ಸರಿಯಾದ್ರೆ ಅವಳಿಗೆ ತಪ್ಪಾಗುತ್ತೆ," ಎಂದು ಅದನ್ನು ತೆಗೆದುಹಾಕಿದ. "ಇಬ್ಬರದೂ ಒಟ್ಟಿಗೇ ಸರಿಯಾಗ್ಬೇಕು. ಅಲ್ಲೀತನಕ ನಂದೂ ಉಲ್ಟಾನೇ ಇರ್ಲಿ."

"ಹೋಗಿ ಅವಳದ್ದಕ್ಕೂ ಹಾಕಿ ಬಾ."

"ನಾನು ಕೈಯಾರೆ ಹಾಕಿದ್ದನ್ನ ಮುಂದಿನ ಅಪ್‌ಡೇಟ್ ಗುಡಿಸಿ ಎಸೆಯುತ್ತೆ. ಕರ್ನೆಲ್‌ನಲ್ಲೇ ಇದ್ರೆ ನಾನಿಲ್ದೇ ಇದ್ರೂ ಬರುತ್ತೆ."

ಇದನ್ನು ಅವನು ತಿದ್ದುಪಡಿಯ ಬಗ್ಗೆ ಹೇಳಿದ್ದು, ಬೇರೆ ಯಾವುದರ ಬಗ್ಗೆಯೂ ಅಲ್ಲ. ತಿದ್ದುಪಡಿ ಈಮೇಲಿನಲ್ಲಿ ಹೋಗಿ ಬಂದು, ಕೊನೆಯ ಸಲ ತಿದ್ದಿ ಕಳಿಸಿ ಒಪ್ಪಿಗೆಗೆ ಕಾಯುತ್ತಿದ್ದಾಗಲೇ ಅವನು ಎದೆ ಹಿಡಿದುಕೊಂಡಿತು ಎಂದು ಆಸ್ಪತ್ರೆಗೆ ಹೋದ. ಬೈಂಡರ ಬದಲು ಅಂಗಿ ತರಲು ಕೋಣೆಗೆ ಬಂದು, ಮಡಿಸಿಕೊಂಡು ವಾಪಸ್ ಹೋಗುವಷ್ಟರಲ್ಲಿ ಅಂಗಿ ಬೇಕಾಗಿರಲಿಲ್ಲ.

ಅಕ್ಕ ಬಂದಳು. ಎಲ್ಲ ಮುಗಿದ ಮೇಲೆ ಕೋಣೆ ಗುಡಿಸಿದಳು, ವೈರುಗಳನ್ನು ಬಿಡಿಸಿ ಸುತ್ತಿಟ್ಟಳು. ಹೊರಡುವಾಗ ಲ್ಯಾಪ್‌ಟಾಪನ್ನು ಬೈಂಡರನ ಕೈಯಲ್ಲಿಟ್ಟು, ಅವನತ್ತ ಬೆರಳು ಮಾಡಿ, ತನ್ನತ್ತ ಮಾಡಿ, ಕೊನೆಗೆ ಗೋಡೆಯ ಕ್ಯಾಲೆಂಡರಿನ ಭಾನುವಾರದ ಮೇಲೆ ಬೆರಳಿಟ್ಟಳು. ಬೈಂಡರ ತಬ್ಬಿಬ್ಬಾದ. ಕೈಮಾತಿನಲ್ಲಿ ಅವನಿಗೆ ಗೊತ್ತಿದ್ದದ್ದು ಊಟ, ಬಾ, ಕಾಣಲ್ಲ, ಸರಿ, ಇಷ್ಟೇ. ಇಷ್ಟರಲ್ಲಿ ಏನು ಮಾತಾಡುವುದು? ಆದರೂ ಹೂಂ ಎಂದು ತಲೆಯಾಡಿಸಿದ.

ಭಾನುವಾರಗಳು ಬಂದವು. ಬೈಂಡರ ಸಿಕ್ಕಣ್ಣನ ಕೋಣೆಗೇ ಹತ್ತಿ ಹೋಗಿ, ಮಂಚದ ತುದಿಯಲ್ಲಿ ಕೂತು ಕರೆ ಮಾಡುತ್ತಿದ್ದ. ಅಕ್ಕ ಅವತ್ತು ಸುಟ್ಟ ಬ್ರೆಡ್ಡನ್ನು ಮುರಿದು ತೋರಿಸುವಳು. ಬೈಂಡರ ಆ ವಾರ ಹೊಲಿದ ಪುಸ್ತಕ ತೋರಿಸುವನು. ಊಟ? ಊಟ. ಸರಿ? ಸರಿ. ಆಮೇಲೆ ಇಬ್ಬರೂ ಸುಮ್ಮನೆ ಕೂರುವರು. ಯಾಕೆ ಕೂರುತ್ತೇವೆ ಎಂದು ಬೈಂಡರನಿಗೆ ತಿಳಿಯುತ್ತಿರಲಿಲ್ಲ, ಏಳುವುದಕ್ಕೂ ಆಗುತ್ತಿರಲಿಲ್ಲ.

ಒಂದು ಭಾನುವಾರ ಅಕ್ಕ ಮತ್ತೆ ಬಾವಲಿಯಾದಳು.

ಬೈಂಡರ ಏನೋ ಒತ್ತಬಾರದ್ದನ್ನು ಒತ್ತಿದೆ, ಸತ್ತವನ ಕೆಲಸವನ್ನು ಹಾಳುಮಾಡಿದೆ ಎಂದುಕೊಂಡ. ಕರೆ ಕತ್ತರಿಸಿ ಮತ್ತೆ ಮಾಡಿದ. ಅದೇ. ಅಕ್ಕ 'ಕಾಣಲ್ಲ' ಅನ್ನುವುದು ತಲೆಕೆಳಗಾಗಿಯೂ ತಿಳಿಯಿತು, ಅಷ್ಟು ಸಲ ಅಂದಳು. ಕೇಳೋಣವೆಂದರೆ ಕೇಳಬೇಕಾದವನೇ ಇಲ್ಲ. ಸುತ್ತ ನೋಡಿದ. ಸುತ್ತಿಟ್ಟ ವೈರುಗಳು, ಗೋಡೆಯ ಮೇಲೆ ಆ ರಟ್ಟು. ನಿನ್ನೆ ಶನಿವಾರ, ಅಪ್‌ಡೇಟ್ ಇಳಿಯುವ ದಿನ, ಸಿಕ್ಕಣ್ಣ ಕಳಿಸಿದ್ದು ಬಂದಿರಬೇಕು ಎಂಬುದು ಆಗ ತಲೆಗೆ ಬಂತು.

ಎರಡು ಪುಸ್ತಕ ಹಿಡಿದು ಸಿಕ್ಕಣ್ಣ ಮಾಡಿದ ಹಾಗೆ ಮಗುಚಿ ನೋಡಿದ. ಸರಿಯಾಗಿ ತಿಳಿಯಲಿಲ್ಲ, ಆಗಲೂ ತಿಳಿದಿರಲಿಲ್ಲ. ಕೊನೆಗೆ ಒಂದು ಪುಸ್ತಕವನ್ನೇ ಕ್ಯಾಮೆರಾ ಮುಂದೆ ಹಿಡಿದು ನಿಧಾನವಾಗಿ ಪಲ್ಟಿ ಹೊಡೆಸಿದ. ಮತ್ತೊಮ್ಮೆ. ಮತ್ತೊಮ್ಮೆ.

ಅಕ್ಕ ನೋಡುತ್ತ ಕೂತಳು. ಆಮೇಲೆ ಗುಡಾರವನ್ನು ಎತ್ತಿ, ಲ್ಯಾಪ್‌ಟಾಪನ್ನು ಎಲ್ಲರ ಮನೆಯಲ್ಲಿ ಇಡುವ ಹಾಗೆ ಮೇಜಿನ ಮೇಲಿಟ್ಟಳು. ಅವಳು ನೆಟ್ಟಗಾದಳು. ಅವಳ ಮುಖದಿಂದಲೇ ಗೊತ್ತಾಯಿತು, ಅವನೂ ನೆಟ್ಟಗಾಗಿದ್ದ.

ಅವಳು ತೋರುಬೆರಳುಗಳನ್ನು ಸಿಕ್ಕಿಸಿ, ಪರದೆಯನ್ನು ತೋರಿಸಿ, ಹುಬ್ಬೇರಿಸಿದಳು. ಅವನಾ?

ಬರೀ ತಲೆಯಾಡಿಸಿದರೆ ಸಾಲದೆನಿಸಿತು ಬೈಂಡರನಿಗೆ. ತನ್ನ ತೋರುಬೆರಳುಗಳನ್ನೂ ಸಿಕ್ಕಿಸಿ ಎತ್ತಿ ಹಿಡಿದ. ಗೋಂದು ಒಣಗಿದ ದಪ್ಪ ಬೆರಳುಗಳು. ಆ ಹೆಸರನ್ನು ಅವನು ಕೈಯಲ್ಲಿ ಹೇಳಿದ್ದು ಅದೇ ಮೊದಲು.

ಅಕ್ಕ ಕಣ್ಣು ಒರೆಸಿಕೊಂಡು ಅಡ್ಡಡ್ಡ ತಲೆಯಾಡಿಸಿದಳು. ಏನು ತಪ್ಪಿತು? ಅವಳು ಕೈ ಹತ್ತಿರ ತಂದು, ಯಾವ ಬೆರಳು ಮೇಲೆ, ಯಾವುದು ಕೆಳಗೆ ಎಂದು ತೋರಿಸಿದಳು. ಬೈಂಡರ ಬಿಡಿಸಿ ಮತ್ತೆ ಸಿಕ್ಕಿಸಿದ. ಹಾಗಲ್ಲ. ಮತ್ತೆ. ಅವಳು ಬೇಕರಿಯ ಕೆಲಸಕ್ಕೆ ಏಳುವವರೆಗೂ ಅವನಿಂದ ಅದೊಂದೇ ಹೆಸರನ್ನು ಹೇಳಿಸಿದಳು.