ಭಾವನ ಲಾರಿ, ನನ್ನ ಡಬ್ಬ

ಈ ಬೆಳಿಗ್ಗೆ ಕಂಪ್ಯೂಟರಿನ ಗುಂಡಿ ಒತ್ತಿದೆ. ಫ್ಯಾನು ತಿರುಗಿ ಒಳಗೆ ಬಿಸಿಯಾಗುತ್ತಲೇ ವಿಭೂತಿಯ ವಾಸನೆ ಬಂತು. ನೀವು ಮೂಗು ಮುರಿಯಬೇಡಿ. ಪಕ್ಕದಲ್ಲಿ ದೇವರ ಮನೆಯಿಲ್ಲ, ನಾನಿನ್ನೂ ಸ್ನಾನವನ್ನೂ ಮಾಡಿರಲಿಲ್ಲ. ವಾಸನೆ ಬರುವುದು ಆ ಡಬ್ಬದ ಹೊಟ್ಟೆಯಿಂದಲೇ.

ಡಬ್ಬ ಎಂದೆನಲ್ಲ, ಅದು ಬೂಟು ಹಾಕಿಕೊಡುವ ಪೆಟ್ಟಿಗೆಗಿಂತ ತುಸು ದೊಡ್ಡದು, ಅಷ್ಟೆ. ಗೇಮ್ ಆಡಲೆಂದೇ ಮಾಡಿದ ಪುಟ್ಟ ಕಂಪ್ಯೂಟರು. ಮಂಡಿಪೇಟೆಯಲ್ಲಿ ಬೇಳೆಯ ಸಗಟು ಅಂಗಡಿ ಇಟ್ಟವನಿಗೆ, ಅದೂ ಕನ್ನಡಕವಿಲ್ಲದೆ ತೊಗರಿಗೂ ಕಡಲೆಗೂ ವ್ಯತ್ಯಾಸ ಕಾಣದ ವಯಸ್ಸಿನಲ್ಲಿ, ಗೇಮ್ ಯಾಕೆ ಎಂದು ನೀವು ಕೇಳಬಹುದು. ಕೊಂಡ ದಿನ ನನ್ನ ಹೆಂಡತಿಯೂ ಕೇಳಿದ್ದಳು. ಮಗಳ ಓದಿಗೆ ಎಂದು ಸುಳ್ಳು ಹೇಳಿದ್ದೆ. ಮಗಳು ಅದನ್ನು ಮುಟ್ಟಲೇ ಇಲ್ಲ. ಅದಕ್ಕೇ ಇರಬೇಕು, ಚೆನ್ನಾಗಿ ಪಾಸಾದಳು.

ಆಮೇಲೆ ಒಳ್ಳೆಯದೊಂದು ನೆಪ ಸಿಕ್ಕಿತು: ನನ್ನ ಅಕ್ಕನ ಗಂಡ. ಹರಿಹರದ ಕಾರ್ಖಾನೆಯೊಂದರಲ್ಲಿ ಆಯುಷ್ಯವೆಲ್ಲ ಲೇತಿನ ಮುಂದೆ ನಿಂತು ಕಬ್ಬಿಣ ಕಡೆದವರು ಭಾವ. ನಿವೃತ್ತಿಯಾದ ಮೇಲೆ ಕೂತಲ್ಲೇ ಕೂತರು, ಮಾತು ಬಿಟ್ಟರು. "ಊಟಕ್ಕೆ ಏಳ್ರಿ ಅಂದ್ರೆ ಹೂಂ ಅನ್ನಂಗಿಲ್ಲ, ಊಹೂಂ ಅನ್ನಂಗಿಲ್ಲ ಕಣಪ್ಪ" ಎಂದು ಅಕ್ಕ ಫೋನಿನಲ್ಲಿ ಅತ್ತಳು. ಒಂದು ಭಾನುವಾರ ಅವರನ್ನು ಕೆ.ಬಿ. ಬಡಾವಣೆಯ ನಮ್ಮ ಮನೆಗೆ ಕರೆಸಿ, ಲಾರಿ ಓಡಿಸುವ ಆಟದ ಮುಂದೆ ಕೂಡಿಸಿದೆ. ಹತ್ತೇ ನಿಮಿಷ. "ಲೇ, ಕ್ಲಚ್ ಎಲ್ಲೈತೆ ಇದಕ್ಕೆ?" ಎಂದು ಕೂಗಿದರು. ಆ ಕೂಗು ಕೇಳಿ ನನ್ನ ಕಣ್ಣು ತುಂಬಿತು. ಅಂದಿನಿಂದ ಪ್ರತಿ ಭಾನುವಾರ ಅವರು ಬಸ್ಸು ಹತ್ತಿ ಬರುವುದು, ಇಬ್ಬರೂ ಮಂಡಕ್ಕಿ ಮಿರ್ಚಿ ತಿನ್ನುತ್ತ ಸರದಿಯಂತೆ ಲಾರಿ ಓಡಿಸುವುದು. ಎಣ್ಣೆಗೈಯಲ್ಲಿ ಕೀಬೋರ್ಡ್ ಮುಟ್ಟಬಾರದೆಂದು ನಿಯಮ ಮಾಡಿದವನೂ ನಾನೇ, ಮೊದಲು ಮುರಿದವನೂ ನಾನೇ.

ಹೋದ ವರ್ಷ ಡಬ್ಬ ಏದುಸಿರು ಬಿಡತೊಡಗಿತು. ಲಾರಿ ಏರು ಹತ್ತುವಾಗಲೆಲ್ಲ ಪರದೆ ಕಪ್ಪಾಗುವುದು. ಒಂದು ಭಾನುವಾರ ಮೂರು ಸಲ ಹಾಗಾಯಿತು. ಮುಂದಿನ ಭಾನುವಾರ ಭಾವ ಬರಲಿಲ್ಲ. "ಮತ್ತೆ ಗ್ವಾಡೆ ನೋಡ್ಕೋತ ಕುಂತಾರೆ" ಎಂದಳು ಅಕ್ಕ. ಇನ್ನು ತಡ ಮಾಡುವಂತಿರಲಿಲ್ಲ. ಇದಕ್ಕೇ ಹೊಸ ಭಾಗ ಹಾಕಿಸುವುದೋ, ಹೊಸದನ್ನೇ ತರುವುದೋ? ನಿಮ್ಮ ಮುಂದೆ ಮುಚ್ಚುಮರೆ ಯಾಕೆ, ನನಗೆ ಹೊಸದೇ ಬೇಕಿತ್ತು. ಒಳಗೆ ಬಣ್ಣಬಣ್ಣದ ದೀಪ ಉರಿಯುತ್ತವಲ್ಲ, ಅಂಥದು.

ಭಾವನನ್ನೂ ಕರೆಸಿಕೊಂಡು, ಡಬ್ಬ ಹೊತ್ತು ಕಂಪ್ಯೂಟರಿನ ಅಂಗಡಿಗೆ ಹೋದೆ. ಅಂಗಡಿಯವನು ಡಬ್ಬವನ್ನು ಮೇಲಿನಿಂದಲೇ ನೋಡಿ, "ಇದ್ರದ್ದು ಮುಗೀತ್ರಿ. ಈಗಿನ ಗ್ರಾಫಿಕ್ಸ್ ಕಾರ್ಡು ಇದ್ರಾಗೆ ಹಿಡಿಯಂಗಿಲ್ಲ. ಹಳೇದು ಕೊಟ್ಟು ಹೊಸದು ಒಯ್ರಿ" ಎಂದ.

"ಬಿಚ್ಚಿ ನೋಡಿದೇನಪ್ಪ?" ಎಂದರು ಭಾವ.

ಬಿಚ್ಚಿದ. ಫ್ಯಾನಿನ ರೆಕ್ಕೆಗಳ ಮೇಲೆ, ಜಾಲರಿಯ ತೂತುಗಳಲ್ಲಿ, ಬೆಳ್ಳಗೆ ಗಟ್ಟಿಯಾಗಿ ಕೂತಿತ್ತು ವಿಭೂತಿ. ಪ್ರತಿ ಆಯುಧಪೂಜೆಗೂ ಭಾವನೇ ಹರಿಹರದಿಂದ ಬಂದು, ಲೇತಿಗೆ ಹಚ್ಚುತ್ತಿದ್ದ ಹಾಗೆ ಡಬ್ಬದ ಮುಖಕ್ಕೂ ಭಕ್ತಿಯಿಂದ ಮೂರು ಬೆರಳಿನ ಪಟ್ಟೆ ಎಳೆಯುತ್ತಿದ್ದರು. ಗಾಳಿ ಒಳಗೆ ಹೋಗುವ ಜಾಲರಿ ಇರುವುದೂ ಅಲ್ಲಿಯೇ. ಪಟ್ಟೆ ಒಣಗಿದ ಹಾಗೆಲ್ಲ ಫ್ಯಾನು ಅದನ್ನು ಒಳಕ್ಕೆ ಎಳೆದುಕೊಂಡಿತ್ತು.

ಅಂಗಡಿಯವನು ನಕ್ಕ, ನಾನೂ ನಕ್ಕೆ. ಭಾವ ನಗಲಿಲ್ಲ. "ಲೇತು ಉಸಿರಾಡಂಗಿಲ್ಲ, ಇದು ಆಡ್ತೈತೆ. ನನಗೆ ಹೊಳೀಲೇ ಇಲ್ಲ ನೋಡು. ನಾನೇ ಕೆಡಿಸಿದ್ನಲ್ಲೋ" ಎಂದರು. ಆ ಮುಖ ನೋಡಿ ನನ್ನ ಬಣ್ಣದ ದೀಪಗಳೆಲ್ಲ ಆರಿಹೋದವು.

"ಕೆಡಿಸಿದೋರೇ ನೆಟ್ಟಗೆ ಮಾಡಿಕೊಡ್ರಿ ಭಾವಾ. ಹೊಸದು ಬ್ಯಾಡ" ಎಂದುಬಿಟ್ಟೆ.

ಆಟದ ಚಿತ್ರ ಮೂಡಿಸುವ ಹಳೆಯ ಕಾರ್ಡು ಬಿಸಿಗೆ ಕೆಟ್ಟಿದ್ದರಿಂದ ಹೊಸ ಕಾರ್ಡು ಮಾತ್ರ ಕೊಂಡೆವು. ಅದು ಡಬ್ಬಕ್ಕಿಂತ ಎರಡು ಬೆರಳು ಉದ್ದ. ಭಾವ ಎರಡನ್ನೂ ಹರಿಹರಕ್ಕೆ ಒಯ್ದು, ಪರಿಚಯದವರ ವರ್ಕ್‌ಶಾಪಿನಲ್ಲಿ ಕೂತು ತಗಡು ಕೊರೆದು, ಅರದಿಂದ ಉಜ್ಜಿ, ಕಾರ್ಡಿನ ಬಾಲ ಹೊರಗೆ ಬರುವಂತೆ ಕಿಂಡಿ ಮಾಡಿದರು. ಆ ಬಾಲಕ್ಕೊಂದು ತಗಡಿನ ಮುಚ್ಚಳ ಬೇರೆ! ಫ್ಯಾನನ್ನು ಎಷ್ಟು ಒರೆಸಿದರೂ ಸಂದಿಯಲ್ಲಿ ಒಂದಿಷ್ಟು ವಿಭೂತಿ ಉಳಿಯಿತು. "ಈಗ ಊಟಕ್ಕೆ ಕರೆದ್ರೆ ಬೈತಾರೆ ಕಣೋ" ಎಂದು ಅಕ್ಕ ಫೋನಿನಲ್ಲಿ ನಕ್ಕಳು.

ಇವತ್ತೂ ಭಾನುವಾರ. ಹತ್ತು ಗಂಟೆಯಾದರೂ ಭಾವನ ಸುಳಿವಿಲ್ಲ. ಫೋನ್ ಮಾಡಿದೆ. "ಇವತ್ತು ಆಗಂಗಿಲ್ಲಪ್ಪ. ಇನ್ಯಾರದೋ ಡಬ್ಬ ರಿಪೇರಿಗೆ ಬಂದೈತೆ" ಎಂದರು. ದನಿಯಲ್ಲಿ ಏನು ಗತ್ತು ಅಂತೀರಿ! ನನಗೆ ಸಂತೋಷವೇ ಆಗಬೇಕಲ್ಲವೇ? ಆಯಿತು. ಒಬ್ಬನೇ ಲಾರಿ ಹತ್ತಿದೆ. ಎಂಥ ಏರಿನಲ್ಲೂ ಒಮ್ಮೆಯೂ ನಿಲ್ಲಲಿಲ್ಲ. ಆದರೆ "ಎಡಕ್ಕೆ ತಗಳ್ಳೋ, ಹಳ್ಳಕ್ಕೆ ಹಾಕ್ತಿ" ಎಂದು ಪಕ್ಕದಲ್ಲಿ ಬೈಯುವವರಿಲ್ಲ. ಇಷ್ಟು ದಿನ ಭಾವನಿಗೆ ಭಾನುವಾರ ಕೊಡುತ್ತಿರುವ ದೊಡ್ಡ ಮನುಷ್ಯ ನಾನೆಂದು ಬೀಗುತ್ತಿದ್ದೆ. ದಾರಿ ಕಾಯುತ್ತಿದ್ದವನು ನಾನೇ ಎಂಬುದು ಈಗ ತಿಳಿಯಿತು.

ಡಬ್ಬ ಆರಿಸಿ ಎದ್ದೆ. "ಎಲ್ಲಿಗ್ರಿ?" ಎಂದಳು ಹೆಂಡತಿ.

"ಹರಿಹರಕ್ಕೆ. ಭಾವಗೆ ಸ್ಕ್ರೂ ಎತ್ತಿಕೊಡಾಕೆ ಒಬ್ಬರು ಬೇಕಲ್ಲ" ಎಂದು ಚಪ್ಪಲಿ ಮೆಟ್ಟಿದೆ.