ಸ್ಲೇಟಿನ ಹಿಂದಿನ ಹೆಸರುಗಳು

ಬೆಳಗಿನ ಆರು ಗಂಟೆಗೆ ಇನ್ನೂ ಹತ್ತು ನಿಮಿಷವಿದೆ. ತೊಂಡೇಬಾವಿ ಸಮೀಪದ ಹಳ್ಳಿಯೊಂದರ ಹಾಲಿನ ಡೇರಿ ಮುಂದೆ ತನುಜ ಸ್ಕೂಟರ್ ನಿಲ್ಲಿಸುತ್ತಾರೆ. ನಿಲ್ಲಿಸುವ ಮುಂಚೆ ಒಂದು ಸುತ್ತು ತಿರುಗಿಸಿ, ಗಾಡಿಯ ಮುಖ ಟಾರು ರಸ್ತೆಯ ಕಡೆಗೆ ಇರುವಂತೆ ನೋಡಿಕೊಳ್ಳುತ್ತಾರೆ. ಕೀಯನ್ನು ಚೀಲಕ್ಕೂ ಹಾಕುವುದಿಲ್ಲ, ಮುಷ್ಟಿಯಲ್ಲೇ ಹಿಡಿದುಕೊಳ್ಳುತ್ತಾರೆ. ಆಮೇಲೆ ಹಾಲು ಹಾಕಿ ಹೊರಬರುತ್ತಿರುವ ಮುದುಕರ ಹತ್ತಿರ ಹೋಗಿ ಪ್ಲಾಸ್ಟಿಕ್ ಕವರಿನಿಂದ ಫೋಟೋಗಳನ್ನು ಒಂದೊಂದಾಗಿ ತೆಗೆಯುತ್ತಾರೆ.

"ಎವರಮ್ಮಾ ನುವ್ವು?" ಯಾರು ನೀನು ಎಂದು ತೆಲುಗಿನಲ್ಲಿ ಕೇಳುತ್ತಲೇ ಅವರಲ್ಲೊಬ್ಬರಾದ ಕೋನಪ್ಪ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಅವರಿಗೆ ಎಂಬತ್ತೈದು ವರ್ಷ. ತನುಜ ತಮ್ಮ ಹೆಸರು, ಊರು ಹೇಳುತ್ತಾರೆ. ಕೋನಪ್ಪನಿಗೆ ಸಮಾಧಾನವಿಲ್ಲ. "ಸರ್ವೆಯೋರಾ? ಪೊಲೀಸಿನೋರಾ? ನಾನು ಹೆಸರು ಹೇಳಿದ್ರೆ ಪಿಂಚಣಿ ನಿಂತೋಗಲ್ಲ ತಾನೆ?"

"ಇಲ್ಲ ತಾತ. ಸತ್ತೋಗಿರೋರ ಹೆಸರು ಕೇಳ್ತಾ ಇರೋದು."

"ಅದಕ್ಕೇ ಭಯ ಕಣಮ್ಮ. ಬದುಕಿರೋರಾದ್ರೆ ಅವರೇ ಬಂದು ಬೈತಾರೆ. ಸತ್ತೋರ ಕಡೆಯಿಂದ ಯಾರು ಬರ್ತಾರೋ ಗೊತ್ತಾಗಲ್ಲ."

ಕೋನಪ್ಪ ಹಾಗೆಂದು ನಗುತ್ತಾರೆ. ತನುಜ ನಗುವುದಿಲ್ಲ.

ತನುಜ ಅವರಿಗೆ ನಲವತ್ಮೂರು ವರ್ಷ. ಗೌರಿಬಿದನೂರಿನಲ್ಲಿ ಫೋಟೋಗೆ ಕಟ್ಟು ಹಾಕುವ ಪುಟ್ಟ ಅಂಗಡಿ ಅವರದು. ದೇವರ ಪಟ, ಮದುವೆ ಪಟ, ತೀರಿಕೊಂಡವರ ಪಟ, ಹಳೆಯ ಫೋಟೋದ ಕಲೆ ತೆಗೆದು ದೊಡ್ಡದು ಮಾಡಿಕೊಡುವುದು ಅವರ ದಿನದ ಕೆಲಸ. ಬೆಳಿಗ್ಗೆ ಹತ್ತಕ್ಕೆ ಅಂಗಡಿ ತೆಗೆಯುತ್ತಾರೆ. ವಾರದಲ್ಲಿ ಮೂರು ದಿನ ಅದಕ್ಕೂ ಮುಂಚೆ ಇನ್ನೊಂದು ಕೆಲಸವಿರುತ್ತದೆ. ಹಳ್ಳಿಹಳ್ಳಿ ಸುತ್ತಿ, ಎಂಬತ್ತು ವರ್ಷದ ಹಿಂದಿನ ಫೋಟೋಗಳಲ್ಲಿರುವ ಮುಖಗಳು ಯಾರವೆಂದು ಪತ್ತೆ ಹಚ್ಚುವುದು.

ನಲವತ್ತರ ದಶಕದಲ್ಲಿ ಈ ಸೀಮೆಯಲ್ಲಿ ಪ್ಲೇಗ್ ಬಂದಾಗ ಸೂಜಿ ಹಾಕಲು ಬಂದಿದ್ದ ವೈದ್ಯರೊಬ್ಬರು ತೆಗೆದ ಫೋಟೋಗಳು ಅವು. ಇಲಿ ಸತ್ತು ಬಿದ್ದಿತೆಂದರೆ ಊರಿಗೆ ಊರೇ ಮನೆ ಬಿಟ್ಟು ಹೊಲದ ಗುಡಿಸಲು ಸೇರುತ್ತಿದ್ದ ಕಾಲ. ಯಾರಿಗೆ ಸೂಜಿ ಹಾಕಿಯಾಯಿತು ಎಂಬ ಗುರುತಿಗೆ ವೈದ್ಯರು ಒಬ್ಬೊಬ್ಬರ ಕೈಗೂ ನಂಬರ್ ಬರೆದ ಸ್ಲೇಟು ಕೊಟ್ಟು ಫೋಟೋ ತೆಗೆದರು. ನಂಬರಿಗೆ ಹೆಸರು ಬರೆದಿಟ್ಟ ಪುಸ್ತಕವನ್ನು ಗೆದ್ದಲು ತಿಂದಿತು. ಉಳಿದದ್ದು ಇನ್ನೂರ ಹನ್ನೆರಡು ಫೋಟೋ, ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ ಬರೆದ ಊರು ಮತ್ತು ತಾರೀಖು.

ಐದು ವರ್ಷದ ಹಿಂದೆ ಬೆಂಗಳೂರಿನ ಖಾಸಗಿ ಸಂಗ್ರಹಾಲಯವೊಂದರಿಂದ ರಮೇಶ್‌ಬಾಬು ಎಂಬುವರು ಈ ಫೋಟೋಗಳನ್ನು ತಂದರು. ಎರಡು ದಿನ ಸುತ್ತಿದರು. ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ತನುಜ ಅವರ ಅಂಗಡಿಗೆ ಬಂದು, ಎಲ್ಲಕ್ಕೂ ಕಟ್ಟು ಹಾಕಿ, ಕೆಳಗೆ 'ಅಪರಿಚಿತರು' ಎಂದು ಚೀಟಿ ಅಂಟಿಸಿ ಎಂದರು.

"ನಾನು ಕೇಳ್ದೆ, ಅಪರಿಚಿತರು ಯಾಕೆ ಸರ್? ಊರು ಇಲ್ಲೇ ಐತಲ್ಲ ಅಂತ. ನೀವೇ ವಿಚಾರ್ಸಿ ನೋಡಮ್ಮ ಅಂದ್ರು. ಸಿಕ್ಕಾಕ್ಕೊಂಡೆ," ಎನ್ನುತ್ತಾರೆ ತನುಜ. ಅವರು ಹೇಳದ ಇನ್ನೊಂದು ಕಾರಣವನ್ನು ಅವರ ತಂದೆ ಹೇಳಿದರು. ಅವರ ಮನೆಯ ಗೋಡೆಯ ಮೇಲೆ ಬುದ್ಧನ ಪಟವಿದೆ. ತಂದೆಯ ತಾಯಿಯ ಪಟವಿಲ್ಲ. "ನಮ್ಮಮ್ಮನ ಮುಖ ನಂಗೆ ಮರ್ತೋಗದೆ. ಊರೋರ ಮನೇದೆಲ್ಲಾ ಕಟ್ಟಾಕ್ತೀಯಲ್ಲಮ್ಮ, ನಮ್ದು ಒಂದಾದ್ರೂ ಸಿಕ್ತದೇನೋ ನೋಡು ಅಂದಿದ್ದೆ. ಇನ್ನೂ ಸಿಕ್ಕಿಲ್ಲ."

ಇದುವರೆಗೆ ಅರವತ್ತೊಂದು ಊರು, ಎಂಬತ್ತೆಂಟು ಹೆಸರು. ನಗರಗೆರೆಯಿಂದ ಮಂಡಿಕಲ್‌ವರೆಗೆ ಒಂದೊಂದು ಊರಿಗೂ ನಾಲ್ಕೈದು ಸಲ ಹೋಗಬೇಕಾಗಿದೆ. ಭೂತಕನ್ನಡಿ ಹಿಡಿದು ಮುಖ ತೋರಿಸುವಾಗ ತನುಜ ಕಿವಿಯ ಆಕಾರ, ಹುಬ್ಬು, ಹಣೆಯ ಹಚ್ಚೆ ನೋಡಲು ಹೇಳುತ್ತಾರೆ. ಕಣ್ಣು ನೋಡಬೇಡಿ ಎನ್ನುತ್ತಾರೆ. "ಎಲ್ಲರ ಕಣ್ಣೂ ಒಂದೇ ಥರ ಸರ್. ಸೂಜಿ ಚುಚ್ಚಿದ್ರೆ ಸಾಯ್ತೀವಿ ಅಂತ ಹೆದರ್ಕೊಂಡೋರು. ಆ ಹೆದರಿಕೆ ನೋಡಿ ನೋಡಿ ನಂಗೂ ಒಂಥರಾ ಆಗೋಗದೆ."

ಆದರೆ ಅವರ ಇವತ್ತಿನ ಭಯಕ್ಕೆ ಕಾರಣ ಬೇರೆ. ಅದು ನಡೆದದ್ದು ನಗರಗೆರೆ ಹೋಬಳಿಯ ಒಂದು ಊರಿನಲ್ಲಿ. ಊರಿನ ಹೆಸರು ಬರೆಯಬೇಡಿ ಎಂದು ತನುಜ ಕೈಮುಗಿದು ಕೇಳಿದ್ದಾರೆ. ಆ ಊರಿನವರ ಹೆಸರುಗಳನ್ನೂ ಫೋಟೋದ ನಂಬರನ್ನೂ ಇಲ್ಲಿ ಬದಲಿಸಿದ್ದೇನೆ.

ನಲವತ್ತಾರನೇ ನಂಬರಿನ ಸ್ಲೇಟು ಹಿಡಿದ ಒಬ್ಬ ಹೆಂಗಸಿನ ಫೋಟೋ. ಮೂವತ್ತರ ಆಸುಪಾಸಿನ ವಯಸ್ಸು, ತಲೆಯ ಮೇಲೆ ಸೆರಗು. ಅದನ್ನು ನೋಡಿದ ಬಯ್ಯಪ್ಪ ಎಂಬ ತೊಂಬತ್ತರ ಮುದುಕರು, "ಇದು ದೊಡ್ಡಮನೆ ಲಕ್ಷ್ಮೀನರಸಮ್ಮ" ಎಂದರು. ಬಯ್ಯಪ್ಪನವರ ಎರಡೂ ಕಣ್ಣಿಗೆ ಪೊರೆ. ತನುಜ ಇನ್ನೊಬ್ಬರನ್ನು ಕೇಳದೆ ಹೆಸರು ಬರೆದುಕೊಂಡರು.

ದೊಡ್ಡಮನೆಯ ಯಜಮಾನ ವೆಂಕಟರಾಮಪ್ಪನವರಿಗೆ ಲಕ್ಷ್ಮೀನರಸಮ್ಮ ಅಜ್ಜಿ. ಮೊಮ್ಮಗ ಕೈಗೂಸಾಗಿದ್ದಾಗಲೇ ಆಕೆ ತೀರಿಕೊಂಡಿದ್ದರು, ಒಂದು ಪಟವೂ ಇರಲಿಲ್ಲ. ಸುದ್ದಿ ಕೇಳಿ ವೆಂಕಟರಾಮಪ್ಪ ಅಂಗಡಿಗೇ ಬಂದರು. ದೊಡ್ಡ ಸೈಜು, ಒಳ್ಳೆ ಕಟ್ಟು ಬೇಕೆಂದರು. ಫೋಟೋದಲ್ಲಿ ಸ್ಲೇಟಿನ ಅಂಚು ಹಿಡಿದ ಎಡಗೈಯ ಕಿರುಬೆರಳು ಅರ್ಧಕ್ಕೇ ನಿಂತಂತೆ ಕಾಣುತ್ತಿತ್ತು. ಕಲೆ ಇರಬೇಕೆಂದು ತನುಜ ಕಂಪ್ಯೂಟರಿನಲ್ಲಿ ಬೆರಳನ್ನು ಪೂರ್ತಿ ಮಾಡಿದರು. ಸ್ಲೇಟನ್ನು ಅಳಿಸಿದರು. ಪಿತೃಪಕ್ಷದಲ್ಲಿ ಆ ಪಟಕ್ಕೆ ಹಾರ ಬಿತ್ತು, ಮುಂದೆ ಎಡೆ ಇಟ್ಟರು.

ತಿಂಗಳು ಕಳೆದ ಮೇಲೆ ತನುಜ ಅದೇ ಊರಿನ ದಲಿತರ ಕಾಲೊನಿಗೆ ಹೋದರು. ಕವರಿನಲ್ಲಿ ನಲವತ್ತಾರರ ಇನ್ನೊಂದು ಪ್ರತಿ ಉಳಿದುಬಿಟ್ಟಿತ್ತು. ಅಕ್ಕಯಮ್ಮ ಎಂಬ ಎಂಬತ್ತನಾಲ್ಕರ ಅಜ್ಜಿ ಅದನ್ನು ಎತ್ತಿಕೊಂಡವರು ಕೆಳಗಿಡಲಿಲ್ಲ.

"ನಮ್ಮಮ್ಮ," ಅಂದರು. "ಪಿಳ್ಳಮ್ಮ. ಕಿರುಬೆರಳು ನೋಡು. ರಾಗಿ ಕೊಯ್ಯುವಾಗ ಕುಡುಗೋಲು ತಗ್ಲಿ ಹೋಯ್ತು. ಅರ್ಧ ಬೆರಳಲ್ಲೇ ನಂಗೆ ಜಡೆ ಹಾಕ್ತಿದ್ಲು."

ದೊಡ್ಡಮನೆಯ ಪಟದ ವಿಷಯ ಹೇಳದೆ ಬೇರೆ ದಾರಿ ಇರಲಿಲ್ಲ. ಅಕ್ಕಯಮ್ಮ ಫೋಟೋವನ್ನು ಮಡಿಲಿಗೆ ಹಾಕಿಕೊಂಡರು. "ಬದುಕಿದ್ದಾಗ ಆ ಮನೆ ಜಗಲಿ ಮೇಲೆ ಕೂತಿಲ್ಲ ನಮ್ಮಮ್ಮ. ದನದ ಕೊಟ್ಟಿಗೆ ಬಾಚಿ, ಹಿಂದಿನಿಂದ್ಲೇ ಬರ್ತಿದ್ಲು. ಈಗ ಎಡೆ ಇಕ್ಕವ್ರಾ?" ಅಂದವರೇ ತನುಜ ಅವರ ಕೈ ಹಿಡಿದುಕೊಂಡರು. "ಬೇಡಮ್ಮ, ಯಾರ್ಗೂ ಹೇಳ್ಬೇಡ. ನನ್ನ ಮೊಮ್ಮಗ ಅವ್ರ ಟ್ರ್ಯಾಕ್ಟರ್ ಓಡಿಸ್ತಾನೆ."

ಹನ್ನೊಂದು ದಿನ ತನುಜ ಯಾರಿಗೂ ಹೇಳಲಿಲ್ಲ. ಅಂಗಡಿ ಮುಂದೆ ಬೈಕ್ ನಿಂತರೆ ಎದ್ದು ಯಾರೆಂದು ಇಣುಕುತ್ತಿದ್ದರು. ಅಷ್ಟರಲ್ಲಿ ಗೌರಿಬಿದನೂರಿನಲ್ಲೇ ಫೋಟೋಗಳ ಪ್ರದರ್ಶನ ಮಾಡುತ್ತೇವೆ, ಹೆಸರಿನ ಪಟ್ಟಿ ಕಳಿಸಿ ಎಂದು ಸಂಗ್ರಹಾಲಯದಿಂದ ಫೋನ್ ಬಂತು. ನಲವತ್ತಾರರ ಮುಂದೆ ಏನು ಬರೆಯುವುದು? ಲಕ್ಷ್ಮೀನರಸಮ್ಮ ಎಂದರೆ ಸುಳ್ಳು. ಪಿಳ್ಳಮ್ಮ ಎಂದರೆ ಅಕ್ಕಯಮ್ಮನ ಮನೆಗೆ ಕೇಡು.

"ದೊಡ್ಡಮನೆಗೆ ಹೋಗ್ಬೇಡ, ಆಗಿದ್ದು ಆಗೋಯ್ತು ಅಂದೆ ನಾನು," ಎನ್ನುತ್ತಾರೆ ಅವರ ಗಂಡ, ಆಟೋ ಓಡಿಸುವ ಸುನೀಲ್. ತನುಜ ಮತ್ತೆ ಅಕ್ಕಯಮ್ಮನ ಹತ್ತಿರ ಹೋದರು. "ತಪ್ಪು ನಿಂದು, ಹೇಳೋದಾದ್ರೆ ಹೇಳ್ಕೋ. ನನ್ನ ಹೆಸರು ಮಾತ್ರ ಎತ್ತಬೇಡ," ಎಂದರು ಆಕೆ.

ಮಾರನೇ ಬೆಳಿಗ್ಗೆ ಏಳಕ್ಕೆ ತನುಜ ದೊಡ್ಡಮನೆಯ ಅಂಗಳದಲ್ಲಿ ಸ್ಕೂಟರ್ ನಿಲ್ಲಿಸಿದರು. ಕೀ ಅದರಲ್ಲೇ ಇತ್ತು. ಅಂಗಳದಲ್ಲಿ ನಿಂತೇ ವೆಂಕಟರಾಮಪ್ಪನವರಿಗೆ ಹೇಳಿದರು. "ಪಟದಲ್ಲಿರೋರು ನಿಮ್ಮಜ್ಜಿ ಅಲ್ಲ ಸಾರ್. ನಾನೇ ತಪ್ಪು ಮಾಡ್ದೆ. ಕ್ಷಮಿಸ್ಬೇಕು."

"ಮತ್ತೆ ಯಾರು?" ಅಂದರು ವೆಂಕಟರಾಮಪ್ಪ.

"ಅದು ನಾನು ಹೇಳಂಗಿಲ್ಲ."

ಅವರ ಮಗ ಮೋಹನ್‌ಬಾಬು ಜಗಲಿಯಿಂದ ಇಳಿದು ಬಂದು ಸ್ಕೂಟರಿನ ಕೀ ತೆಗೆದುಕೊಂಡ. ಹಾಗೇ ಹೋಗಿ ಗೇಟು ಹಾಕಿದ. "ಹಾರ ಹಾಕಿ ಊರಿಗೆಲ್ಲಾ ಊಟ ಹಾಕಿದೀವಿ. ಈಗ ಬಂದು ಅಲ್ಲ ಅಂತೀಯಾ? ಯಾರ ಪಟ ತಂದು ನಮ್ಮನೇಲಿ ತೂಗಾಕಿದ್ದೀಯ, ಹೇಳು. ಹೇಳಿ ಕೀ ಇಸ್ಕೊಂಡು ಹೋಗು."

"ಗೇಟಿನ ಕಡೇನೇ ನೋಡ್ತಾ ನಿಂತಿದ್ದೆ ಸರ್," ಎನ್ನುತ್ತಾರೆ ತನುಜ. "ರಸ್ತೇಲಿ ಒಬ್ರು ಹೋಗ್ತಿದ್ರು. ಕೂಗ್ಲಿಲ್ಲ ನಾನು. ಪಿಳ್ಳಮ್ಮ ಅನ್ನೋ ಹೆಸರು ನಾಲಗೆ ತುದೀಗೆ ಬಂದ್ಬಿಟ್ಟಿತ್ತು. ಅದೊಂದು ಹೇಳಿದ್ರೆ ಗೇಟು ತೆಗೀತಿದ್ರು."

ಆಗ ಒಳಗಿನಿಂದ ಗೋಡೆ ಹಿಡಿದುಕೊಂಡು ಅಶ್ವತ್ಥಮ್ಮ ಬಂದರು. ವೆಂಕಟರಾಮಪ್ಪನವರ ತಾಯಿ, ಎಂಬತ್ತಾರು ವರ್ಷ. ಪಟದಲ್ಲಿರುವುದು ನಿಜಕ್ಕೂ ಲಕ್ಷ್ಮೀನರಸಮ್ಮನೇ ಆಗಿದ್ದರೆ ಅವರು ಈಕೆಗೆ ಅತ್ತೆ.

"ಕೀ ಕೊಡೋ ಆ ಹುಡುಗಿಗೆ," ಅಂದರು. "ನಮ್ಮತ್ತೆ ಅಲ್ಲ ಕಣೋ ಅದು."

"ನಿಂಗೆ ಗೊತ್ತಿತ್ತೇನಮ್ಮ?" ವೆಂಕಟರಾಮಪ್ಪ ಕೇಳಿದರು.

"ಎಂಟು ವರ್ಷ ಅವ್ರ ಕೈಲಿ ಬೈಸ್ಕೊಂಡಿದೀನಿ, ಮುಖ ಗೊತ್ತಾಗಲ್ವಾ? ಗೋಡೆಗೆ ಹೊಡೆದ ದಿನವೇ ಗೊತ್ತಾಯ್ತು."

"ಮತ್ಯಾಕೆ ಹೇಳ್ಲಿಲ್ಲ?"

"ನೀವೆಲ್ಲಾ ಅಷ್ಟು ಸಂಭ್ರಮದಾಗಿದ್ರಿ. ಹೇಳಕ್ಕೆ ಭಯ ಆಯ್ತು ಕಣಪ್ಪ."

ಮೋಹನ್‌ಬಾಬು ಬಿಡಲಿಲ್ಲ. "ಹಂಗಾದ್ರೆ ಯಾರಜ್ಜಿ ಅದು?"

ಅಶ್ವತ್ಥಮ್ಮ ಮೊಮ್ಮಗನ ಕಡೆ ನೋಡಲಿಲ್ಲ. ಅವರು ನೋಡಿದ್ದು ತನುಜ ಅವರ ಮುಖವನ್ನೇ. ಅಶ್ವತ್ಥಮ್ಮ ಸೊಸೆಯಾಗಿ ಬಂದ ಮೇಲೆ ಹತ್ತು ವರ್ಷ ಪಿಳ್ಳಮ್ಮ ಅದೇ ಮನೆಯ ಕೊಟ್ಟಿಗೆಗೆ ಬಂದು ಹೋಗಿದ್ದಾರೆ. "ನಂಗೆಲ್ಲಿ ಕಣ್ಣು ಕಾಣ್ತದಪ್ಪ," ಅಂದು ಅಶ್ವತ್ಥಮ್ಮ ಒಳಗೆ ಹೋದರು.

ವೆಂಕಟರಾಮಪ್ಪ ಮಗನ ಕೈಯಿಂದ ಕೀ ತೆಗೆದುಕೊಟ್ಟರು. ವಾರ ಬಿಟ್ಟು ಅಂಗಡಿಗೆ ಬಂದು, ದಿನಪತ್ರಿಕೆಯಲ್ಲಿ ಸುತ್ತಿದ ಪಟವನ್ನು ಮೇಜಿನ ಮೇಲಿಟ್ಟು, "ಗಾಜು ಒಡೆದಿಲ್ಲ, ನೋಡ್ಕೊಳ್ಳಿ," ಎಂದಷ್ಟೇ ಹೇಳಿ ಹೋದರು. ಅಕ್ಕಯಮ್ಮನ ಮೊಮ್ಮಗ ಈಗಲೂ ಅವರ ಟ್ರ್ಯಾಕ್ಟರ್ ಓಡಿಸುತ್ತಾನೆ. ಅಲ್ಲಿಗೆ ವಿಷಯ ಮುಗಿಯಿತು ಎನ್ನಲು ತನುಜ ತಯಾರಿಲ್ಲ. ಎರಡು ಸಲ ಅಂಗಡಿಗೆ ಯಾರೋ ಫೋನ್ ಮಾಡಿ, ಏನೂ ಮಾತಾಡದೆ ಇಟ್ಟಿದ್ದಾರೆ. ತನುಜ ಯಾವ ಊರು ತಲುಪಿದರೂ ಗಂಡನಿಗೆ ಫೋನ್ ಮಾಡಬೇಕು, ಹೊರಟಾಗ ಇನ್ನೊಮ್ಮೆ.

ಕೆಲಸದ ರೀತಿ ಬದಲಾಗಿದೆ. ಎರಡು ಬೀದಿಯ ಮೂವರು ಬೇರೆಬೇರೆಯಾಗಿ ಒಂದೇ ಹೆಸರು ಹೇಳಿದರೆ ಮಾತ್ರ ಬರೆದುಕೊಳ್ಳುತ್ತಾರೆ. ಯಾರ ಬೆರಳನ್ನೂ, ಯಾರ ಗಾಯವನ್ನೂ ಸರಿ ಮಾಡುವುದಿಲ್ಲ. ಅರ್ಧ ಬೆರಳು ಇದ್ದಂತೆಯೇ ಇರುವ ಒಂದು ಪ್ರತಿಯನ್ನು ಅಕ್ಕಯಮ್ಮನಿಗೆ ಕೊಟ್ಟಿದ್ದಾರೆ. ಆಕೆ ಅದನ್ನು ಗೋಡೆಗೆ ಹಾಕಿಲ್ಲ. ಟ್ರಂಕಿನಲ್ಲಿ, ಸೀರೆಗಳ ಅಡಿಯಲ್ಲಿ ಇಟ್ಟಿದ್ದಾರೆ.

ಪ್ರದರ್ಶನ ನಡೆಯಿತು. ನಲವತ್ತಾರರ ಕೆಳಗೆ ಏನಿರಬೇಕೆಂದು ತನುಜ ಸಂಗ್ರಹಾಲಯದವರೊಂದಿಗೆ ಮೂರು ದಿನ ವಾದ ಮಾಡಿದ್ದರು. 'ಅಪರಿಚಿತರು' ಎಂದು ಹಾಕಲು ತನುಜ ಒಪ್ಪಲಿಲ್ಲ. ಕೊನೆಗೆ ಚೀಟಿಯಲ್ಲಿ ಹೀಗೆ ಬರೆದರು: 'ಇವರ ಹೆಸರು ಗೊತ್ತಿದೆ. ಮನೆಯವರ ಕೋರಿಕೆಯಂತೆ ಪ್ರಕಟಿಸಿಲ್ಲ.'

ಪ್ರದರ್ಶನದ ನಾಲ್ಕನೇ ದಿನ ಬೆಳಿಗ್ಗೆ ಅಕ್ಕಯಮ್ಮ ಒಬ್ಬರೇ ಬಸ್ಸಿನಲ್ಲಿ ಬಂದರು. ಜನ ಇನ್ನೂ ಸೇರಿರಲಿಲ್ಲ. ಆದರೂ ಅವರು ನಲವತ್ತಾರರ ಹತ್ತಿರ ಹೋಗಲಿಲ್ಲ. ಪಕ್ಕದ ನಲವತ್ತೈದರ ಮುಂದೆ, ಯಾರೋ ಗುರುತಿಲ್ಲದ ಗಂಡಸಿನ ಪಟದ ಮುಂದೆ ನಿಂತರು. ಅಲ್ಲಿಂದಲೇ ಕಣ್ಣು ಓರೆ ಮಾಡಿ ತಾಯಿಯನ್ನು ನೋಡಿದರು. ಯಾರಾದರೂ ಒಳಗೆ ಬಂದರೆ ತಟ್ಟನೆ ಆ ಗಂಡಸಿನ ಕಡೆ ತಿರುಗುತ್ತಿದ್ದರು. ಮುಕ್ಕಾಲು ಗಂಟೆ ಹಾಗೇ ನಿಂತಿದ್ದು ಹೋದರು.

ಮುಂದಿನ ವರ್ಷ ಚಿಂತಾಮಣಿ, ಶಿಡ್ಲಘಟ್ಟದಲ್ಲೂ ಪ್ರದರ್ಶನವಿದೆಯಂತೆ. ನಿಮಗೆ ಏನಾದರೂ ಆಸೆ ಇದೆಯೇ ಎಂದು ತನುಜ ಅವರನ್ನು ಕೇಳುತ್ತೇನೆ. ಸನ್ಮಾನ, ಶಾಲು ಬೇಡ ಎಂದು ತಲೆಯಾಡಿಸುತ್ತಾರೆ.

"ಆಯಮ್ಮ ಒಂದ್ಸಲ ನಲವತ್ತಾರರ ಮುಂದೇನೇ ನಿಂತ್ಕೋಬೇಕು ಸರ್. ಅಷ್ಟೇ."