ಗೂಳಿಗಳ ಬದಿಯಲ್ಲಿ ನಿಂತ ಲಿಡ್ಡಿ

1979ರ ಸೆಪ್ಟೆಂಬರಿನಲ್ಲಿ ಮಿಲೋ ವೊಂಡ್ರಾ ಮೆಕ್ಕೆಜೋಳದ ಕಣಜದ ಏಣಿಯಿಂದ ಜಾರಿ ಬಿದ್ದು ಸೊಂಟ ಮುರಿದುಕೊಂಡ. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ್ದವನಿಗೆ ಸೊಂಟದ ಚಿಂತೆಯೂ ಇರಲಿಲ್ಲ, ಕಟಾವಿನ ಚಿಂತೆಯೂ ಇರಲಿಲ್ಲ.

"ಲಿಡ್ಡೀ, ಈ ಶನಿವಾರ ಟೋರ್ವಿಕ್‌ನೋರು ಆಟಕ್ಕೆ ಬರ್ತಾರೆ. ಕೋಲು ಹಿಡಿಯೋಕೆ ಯಾರೂ ಇಲ್ಲ. ನೀನೇ ಹೋಗಿಬಿಡು," ಅಂದ ಹೆಂಡತಿಗೆ.

"ನಾನಾ? ನನಗೆ ಆ ಆಟದ ತಲೆಬುಡ ಗೊತ್ತಿಲ್ಲ."

"ಆಟ ಗೊತ್ತಿರಬೇಕಾಗಿಲ್ಲ ಕಣೇ. ರೆಫರಿ ತೋರಿಸಿದ ಕಡೆ ಕೋಲು ಊರಿ ನಿಲ್ಲೋದು, ಹೋಗು ಅಂದಾಗ ಹೋಗೋದು. ಒಂದೇ ವಾರ."

ಆ ಒಂದು ವಾರ ಮೂವತ್ತೇಳು ವರ್ಷ ನಡೆಯಿತು.

ಲಿಡ್ಡಿಯ ಪೂರ್ತಿ ಹೆಸರು ಲುಡ್ಮಿಲಾ. ಲಿಂಡ್‌ಗ್ರೋವ್ ಊರಿನ ಧಾನ್ಯದ ಗೋದಾಮಿನಲ್ಲಿ ಲಾರಿಗಳನ್ನು ತೂಗುವುದು ಅವಳ ಕೆಲಸ. ಸಣ್ಣ ಕಿಟಕಿಯ ಹಿಂದೆ ಕೂತು, ಲಾರಿ ವೇಬ್ರಿಡ್ಜಿನ ಮೇಲೆ ನಿಂತು ಮುಳ್ಳು ಅಲುಗಾಡುವುದು ನಿಲ್ಲುವವರೆಗೂ ಕಾಯುವವಳು. "ಬೇಗ ಬರ್ಕೊಳ್ಳಮ್ಮ" ಎಂದು ಡ್ರೈವರುಗಳು ಕಿರುಚಿದರೂ ಮುಳ್ಳು ನಿಲ್ಲದೆ ಪೆನ್ನು ಎತ್ತುತ್ತಿರಲಿಲ್ಲ. ಮಿಲೋ ಅವಳನ್ನೇ ಆರಿಸಿದ್ದಕ್ಕೆ ಇದೂ ಒಂದು ಕಾರಣ ಇದ್ದಿರಬಹುದು.

ನಮ್ಮ ಫುಟ್‌ಬಾಲು ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಆಟ. ಚೆಂಡು ಹಿಡಿದ ತಂಡ ನಾಲ್ಕು ಸರದಿಯೊಳಗೆ ಹತ್ತು ಗಜ ಮುಂದೆ ಹೋಗಬೇಕು. ಹೋಗದಿದ್ದರೆ ಚೆಂಡು ಎದುರಾಳಿಗೆ. ಆ ಹತ್ತು ಗಜವನ್ನು ಅಳೆಯುವುದು ಒಂದು ಸರಪಳಿ, ಅದರ ಎರಡು ತುದಿಗೆ ಎರಡು ಕೋಲು. ಮುಂದಿನ ಕೋಲು ಲಿಡ್ಡಿಯದು, ಹಿಂದಿನದು ಅಂಚೆ ಕಚೇರಿಯ ಜೀನ್ ಹಬೆಲ್‌ನದು. ಸರಪಳಿಯವರು ನಿಲ್ಲುವುದು ಎದುರಾಳಿಗಳ ಬೆಂಚಿನ ಬದಿಯಲ್ಲಿ. ಊರಿನವರೆಲ್ಲ ಅತ್ತ ಕಡೆ ಕೂತು ಕೂಗುತ್ತಿದ್ದರೆ ಲಿಡ್ಡಿ ಮಾತ್ರ ಇತ್ತ ಕಡೆ, ವೈರಿಗಳ ಬೆವರಿನ ವಾಸನೆಯಲ್ಲಿ.

ವೈರಿಗಳು ಅಂದರೆ ಟೋರ್ವಿಕ್ ಕಾಲೇಜಿನವರು. ನಲವತ್ತು ಮೈಲಿ ಆಚೆಗಿನ ನಾರ್ವೆ ಮೂಲದವರ ಊರು. ಅವರ ತಂಡದ ಹೆಸರು ಗೂಳಿಗಳು. ನಮ್ಮ ಲಿಂಡ್‌ಗ್ರೋವ್ ಕಾಲೇಜಿನದು ಕೊಕ್ಕರೆಗಳು. ಹೆಸರು ಇಟ್ಟಾಗಲೇ ಅರ್ಧ ಸೋತಿದ್ದೆವು ಎಂದು ಮಿಲೋ ಹೇಳುತ್ತಿದ್ದ. 1971ರಿಂದ ಗೂಳಿಗಳು ಕೊಕ್ಕರೆಗಳನ್ನು ಒಂದು ವರ್ಷವೂ ಬಿಡದೆ ಸೋಲಿಸುತ್ತಿದ್ದರು, ಒಂದು ವರ್ಷ ನಮ್ಮ ಮೈದಾನದಲ್ಲಿ, ಮರುವರ್ಷ ಅವರದರಲ್ಲಿ. ಬೇರೆ ಯಾರನ್ನು ಗೆದ್ದರೂ ಊರಿಗೆ ಸಮಾಧಾನವಿರಲಿಲ್ಲ.

ಮೊದಲ ಶನಿವಾರ ಲಿಡ್ಡಿ ಮಿಲೋನ ಕಿತ್ತಳೆ ಬಣ್ಣದ ಅಂಗಿಯನ್ನು ಮೊಣಕೈವರೆಗೂ ಮಡಚಿ ಹಾಕಿಕೊಂಡು ಹೋದಳು. ಟೋರ್ವಿಕ್‌ನ ಹುಡುಗರು ತೊಂಬತ್ತು ಮಂದಿ ಮೂರು ಸಾಲಾಗಿ ನಿಂತಿದ್ದರು. ಮೊಣಕೈಯಿಂದ ತಿವಿದುಕೊಂಡೇ ದಾರಿ ಮಾಡಿಕೊಳ್ಳಬೇಕಾಯಿತು. ಅವರ ಕೋಚ್ ಆರ್ವಿಡ್ ಸ್ಟೆನ್ಸ್‌ರುಡ್ ಎತ್ತರದ ಒಣಕಲು ಮನುಷ್ಯ. ಅವಳನ್ನು ಮೇಲಿಂದ ಕೆಳಗೆ ನೋಡಿದ.

"ಮಿಲೋ ಎಲ್ಲಿ?"

"ಸೊಂಟ ಮುರ್ಕೊಂಡ. ನಾನು ಅವನ ಹೆಂಡತಿ."

"ಲಿಂಡ್‌ಗ್ರೋವ್‌ನಲ್ಲಿ ಗಂಡಸರೆಲ್ಲ ಮುಗಿದುಹೋದ್ರಾ?"

"ಇದ್ದಾರೆ, ಕೋಚ್. ಎಲ್ರೂ ನಿಮ್ಮನ್ನ ಬೈಯೋಕೆ ಅಂತ ಆ ಕಡೆ ಕೂತಿದ್ದಾರೆ."

ಸ್ಟೆನ್ಸ್‌ರುಡ್ ನಗಲಿಲ್ಲ. ಆದರೆ ಎರಡನೇ ಅವಧಿಯಲ್ಲಿ ಅವನದೇ ತಂಡದ ಒಬ್ಬ ಭಾರಿ ಹುಡುಗ ಗೆರೆ ದಾಟಿ ನುಗ್ಗಿ ಬಂದು ಲಿಡ್ಡಿಯನ್ನು ಬೀಳಿಸಿದ. ಕೋಲು ಹಾರಿಹೋಯಿತು. ಲಿಡ್ಡಿ ಮಾತ್ರ ಬಿದ್ದಲ್ಲಿಂದಲೇ ಕಾಲು ಚಾಚಿ ಬೂಟಿನ ತುದಿಯನ್ನು ಕೋಲು ಊರಿದ್ದ ಗುಳಿಯಲ್ಲಿ ಇಟ್ಟುಕೊಂಡಿದ್ದಳು. ಯಾರೋ ಕೋಲು ತಂದುಕೊಟ್ಟರು. ಬೂಟು ತೆಗೆದು ಅದೇ ಗುಳಿಯಲ್ಲಿ ಊರಿ ಎದ್ದು ನಿಂತಳು. ಸ್ಟೆನ್ಸ್‌ರುಡ್ ತನ್ನ ಹುಡುಗರ ಕಡೆ ತಿರುಗಿ, "ಮಿಸೆಸ್ ವೊಂಡ್ರಾಗೆ ಜಾಗ ಬಿಡ್ರೋ," ಅಂದ. ಆ ದಿನ ಗೂಳಿಗಳು ನಲವತ್ತೈದು ಅಂಕ, ಕೊಕ್ಕರೆಗಳು ಮೂರು.

ಮಿಲೋನ ಸೊಂಟ ಕೂಡಿಕೊಂಡಿತು, ಆದರೆ ಓಡುವಷ್ಟಲ್ಲ. ಅವನು ಮೈದಾನದ ಎದುರು ಬದಿಯ ಪ್ರೇಕ್ಷಕರ ಮೆಟ್ಟಿಲ ಮೇಲೆ ಕಾಫಿ ಫ್ಲಾಸ್ಕ್ ಇಟ್ಟುಕೊಂಡು ಕೂತು, ಮನೆಗೆ ಬಂದ ಮೇಲೆ ಹೆಂಡತಿ ಕೋಲು ಹಿಡಿದದ್ದರಲ್ಲಿ ತಪ್ಪು ಹುಡುಕುವುದರಲ್ಲಿ ಸುಖ ಕಂಡ.

1987ರಲ್ಲಿ ನಡೆದದ್ದನ್ನು ಊರು ಬಹಳ ಕಾಲ ಮರೆಯಲಿಲ್ಲ. ಕೊಕ್ಕರೆಗಳು ಮೂರು ಅಂಕ ಮುಂದಿದ್ದರು. ಎರಡು ನಿಮಿಷ ಉಳಿದಿತ್ತು. ಗೂಳಿಗಳಿಗೆ ಅದು ನಾಲ್ಕನೇ ಸರದಿ. ಚೆಂಡು ಹಿಡಿದವನ ಮೇಲೆ ಹತ್ತು ಜನ ಬಿದ್ದರು. ಎಲ್ಲರನ್ನೂ ಎಬ್ಬಿಸಿ ನೋಡಿದರೆ ಹತ್ತು ಗಜ ಆಯಿತೋ ಇಲ್ಲವೋ ಯಾರಿಗೂ ತಿಳಿಯದು. ರೆಫರಿ ಸರಪಳಿ ಕರೆದ. ಲಿಡ್ಡಿ ಮತ್ತು ಜೀನ್ ಮೈದಾನದ ನಡುವಿಗೆ ನಡೆದರು. ಆರು ಸಾವಿರ ಜನ ಎದ್ದು ನಿಂತು ನೋಡುತ್ತಿದ್ದರು.

ಲಿಡ್ಡಿ ಸರಪಳಿ ಬಿಗಿಯಾಗುವವರೆಗೂ ಎಳೆದಳು. ಕೋಲನ್ನು ನೆಟ್ಟಗೆ ಊರಿದಳು. ಚೆಂಡಿನ ಮೂತಿ ಕೋಲಿಗಿಂತ ಎರಡು ಬೆರಳು ಮುಂದಿತ್ತು. ಗೂಳಿಗಳಿಗೆ ಇನ್ನೂ ನಾಲ್ಕು ಸರದಿ ಸಿಕ್ಕಿತು. ಎರಡನೆಯದರಲ್ಲೇ ಆಟ ಮುಗಿಸಿಬಿಟ್ಟರು.

ಮನೆಗೆ ಹೋಗುವ ದಾರಿಯಲ್ಲಿ ಮಿಲೋ ಕಾರಿನ ಕಿಟಕಿಯಿಂದ ಹೊರಗೇ ನೋಡುತ್ತಿದ್ದ. ಕೊನೆಗೆ ಅಂದ: "ಸ್ವಲ್ಪ ಮುಂದಕ್ಕೆ ವಾಲಿಸಬಹುದಿತ್ತಲ್ಲೇ. ಎರಡು ಬೆರಳು. ದೇವರಿಗೂ ಗೊತ್ತಾಗ್ತಿರಲಿಲ್ಲ."

"ನಾನು ಲಾರಿ ತೂಗೋಳು ಮಿಲೋ. ಇಲ್ಲಿ ವಾಲಿಸಿದ್ರೆ ಸೋಮವಾರ ಆ ಕಿಟಕೀಲಿ ಯಾವ ಮುಖ ಇಟ್ಕೊಂಡು ಕೂರಲಿ?"

ಬೇಕರಿಯಲ್ಲಿ ಗಸಗಸೆ ತುಂಬಿದ ಸಿಹಿ ಬನ್ನು ಕೊಲಾಚೆ ಕೇಳಿದರೆ ಒಂದು ತಿಂಗಳು ಅವಳಿಗೆ ನಿನ್ನೆಯದೇ ಸಿಗುತ್ತಿತ್ತು. ಚರ್ಚಿನಲ್ಲಿ ಅವಳು ಕೂತ ಸಾಲಿನಲ್ಲಿ ಜಾಗ ಖಾಲಿಯೇ ಉಳಿಯುತ್ತಿತ್ತು. ಲಿಡ್ಡಿ ಯಾರಿಗೂ ಸಮಜಾಯಿಷಿ ಕೊಡಲಿಲ್ಲ. ನಿನ್ನೆಯ ಕೊಲಾಚೆಯನ್ನು ಕಾಫಿಯಲ್ಲಿ ಅದ್ದಿ ತಿಂದಳು. ಮರುವರ್ಷ ಟೋರ್ವಿಕ್‌ಗೆ ಹೋಗಿ ಬಂದ ನಮ್ಮ ತಂಡದ ಬಸ್ಸಿನಲ್ಲಿ ಅವಳಿಗೊಂದು ಡಬ್ಬಿ ಬಂತು. ಒಳಗೆ ಆಲೂಗಡ್ಡೆಯ ತೆಳು ರೊಟ್ಟಿಗಳು, ಸ್ಟೆನ್ಸ್‌ರುಡ್‌ನ ಹೆಂಡತಿ ಇಂಗ್ರಿಡ್ ಮಾಡಿದ್ದು. ಚೀಟಿಯಲ್ಲಿ ಬರೆದಿತ್ತು: "ನಮ್ಮವರಾಗಿದ್ದರೆ ಬಹುಶಃ ವಾಲಿಸುತ್ತಿದ್ದರು. ಆ. ಸ್ಟೆ."

ಸ್ಟೆನ್ಸ್‌ರುಡ್ 1995ರಲ್ಲಿ ಕೆಲಸ ಬಿಟ್ಟ. ಅದರ ಹಿಂದೆಯೇ ಟೋರ್ವಿಕ್‌ನ ಮಾಂಸದ ಕಾರ್ಖಾನೆ ಬಾಗಿಲು ಹಾಕಿತು, ಆಮೇಲೆ ರೈಲು ನಿಂತಿತು. ಊರು ಕರಗಿದಂತೆ ಕಾಲೇಜೂ ಕರಗಿತು. ಇತ್ತ ಲಿಂಡ್‌ಗ್ರೋವ್ ಕಾಲೇಜು ಬೆಳೆಯುತ್ತಿತ್ತು. 1999ರಲ್ಲಿ ನಮ್ಮ ಮೈದಾನದಲ್ಲಿ ಕೊಕ್ಕರೆಗಳು ಗೆದ್ದರು, ಇಪ್ಪತ್ತೆಂಟು ವರ್ಷ ಸೋತ ಮೇಲೆ. ಜನ ಗೋಲಿನ ಕಂಬ ಕಿತ್ತುಕೊಂಡು ಮುಖ್ಯ ಬೀದಿಯುದ್ದಕ್ಕೂ ಮೆರವಣಿಗೆ ಮಾಡಿದರು. ಸರಪಳಿಯವರು ಯಾರ ಕಡೆಗೂ ಚಪ್ಪಾಳೆ ತಟ್ಟುವಂತಿಲ್ಲ. ಲಿಡ್ಡಿ ಮುಖ ಬಿಗಿ ಹಿಡಿದುಕೊಂಡೇ ಸರಪಳಿ ಸುತ್ತಿಟ್ಟು ಮನೆಗೆ ಬಂದವಳು ಅಡುಗೆಮನೆಯಲ್ಲಿ ಮಿಲೋನ ಕೈ ಹಿಡಿದು ಪೋಲ್ಕಾ ಕುಣಿದಳು. ಅವನ ಸೊಂಟ ಸುಮ್ಮನಿರಲಿಲ್ಲ, ಆದರೂ ಅವನು ನಿಲ್ಲಿಸಲಿಲ್ಲ.

ಮುಂದಿನ ವರ್ಷವೂ ಗೆದ್ದರು. ಅದರ ಮುಂದಿನ ವರ್ಷವೂ. ಎಂಟು ಹತ್ತು ವರ್ಷ ಕಳೆಯುವಷ್ಟರಲ್ಲಿ ಅದೊಂದು ಸುದ್ದಿಯೇ ಅಲ್ಲ ಎನ್ನುವಂತಾಯಿತು. ಮೆಟ್ಟಿಲ ಮೇಲಿದ್ದವರಿಗೆ ಕಂಡದ್ದು ಅಂಕ. ಲಿಡ್ಡಿಗೆ ಹತ್ತಿರದಿಂದ ಕಂಡದ್ದು ಬೇರೆ. ಗೂಳಿಗಳ ಮೂರು ಸಾಲು ಎರಡಾಯಿತು, ಎರಡು ಒಂದಾಯಿತು, ಆಮೇಲೆ ಆ ಒಂದು ಸಾಲಿನಲ್ಲೂ ಸಂದು. ಆರು ಕೋಚುಗಳಿದ್ದ ಕಡೆ ಇಬ್ಬರು. ಗಾಯಕ್ಕೆ ಪಟ್ಟಿ ಸುತ್ತುವವನೇ ನೀರೂ ಕೊಡುತ್ತಿದ್ದ. ಅವರ ಬ್ಯಾಂಡಿನ ಸದ್ದಿಗೆ ಒಂದು ಕಾಲದಲ್ಲಿ ಎದೆ ನಡುಗುತ್ತಿತ್ತು. ಈಗ ನಾಲ್ಕು ಡೋಲು, ಒಂದು ತುತ್ತೂರಿ. ಒಂದು ಸಲ ಅವರ ಹುಡುಗನೊಬ್ಬ ಒಂಬತ್ತು ಗಜ ಓಡಿ ಬಿದ್ದಾಗ, "ಇನ್ನೊಂದೇ ಒಂದು ಗಜ ಮಗನೇ" ಎಂಬ ಮಾತು ಲಿಡ್ಡಿಯ ಬಾಯಿಂದ ಬಂದುಬಿಟ್ಟಿತು. ತನಗೇ ಗಾಬರಿಯಾಯಿತು.

ರಾತ್ರಿ ಊಟಕ್ಕೆ ಕೂತಾಗ ಮಿಲೋಗೆ ಹೇಳಿದಳು. ಅವನು ಸಾರಿನ ಚಮಚ ಕೆಳಗಿಟ್ಟ.

"ನನಗೂ ಹಾಗೇ ಕಣೇ. ಅವರನ್ನ ಬೈಯೋಣ ಅಂತ ಎದ್ದು ನಿಂತೆ, ಏನು ಬೈಯೋದು ಅಂತ ತೋಚಲಿಲ್ಲ. ವಾಪಸ್ ಕೂತೆ."

ಮಿಲೋ 2010ರ ಚಳಿಗಾಲದಲ್ಲಿ ನ್ಯುಮೋನಿಯಾ ಬಂದು ತೀರಿಕೊಂಡ. ಮಣ್ಣಿಗೆ ಬಂದವರಲ್ಲಿ ಟೋರ್ವಿಕ್‌ನ ಆರ್ವಿಡ್ ಮತ್ತು ಇಂಗ್ರಿಡ್ ಇಬ್ಬರೂ ಇದ್ದರು, ಹಿಮದಲ್ಲಿ ನಲವತ್ತು ಮೈಲಿ ಕಾರು ಓಡಿಸಿಕೊಂಡು ಬಂದಿದ್ದರು.

2016ರ ಬೇಸಿಗೆಯಲ್ಲಿ ಟೋರ್ವಿಕ್ ಕಾಲೇಜು, ಇದೇ ಕೊನೆಯ ವರ್ಷ, ಇನ್ನು ಫುಟ್‌ಬಾಲ್ ತಂಡ ಇಲ್ಲ ಎಂದು ತಿಳಿಸಿತು. ಅಕ್ಟೋಬರಿನಲ್ಲಿ ಕೊಕ್ಕರೆಗಳು ಅಲ್ಲಿಗೆ ಹೋಗುವುದಿತ್ತು. ಆ ವಾರ ಸ್ಟೆನ್ಸ್‌ರುಡ್‌ನ ಫೋನ್ ಬಂತು. ಅವನಿಗೆ ಎಂಬತ್ತೈದು, ದನಿ ಮಾತ್ರ ಹಾಗೇ ಇತ್ತು.

"ಮಿಸೆಸ್ ವೊಂಡ್ರಾ, ನಮ್ಮ ಸರಪಳಿಯವರಲ್ಲಿ ಒಬ್ಬನಿಗೆ ಕಣ್ಣಿನ ಆಪರೇಷನ್, ಇನ್ನೊಬ್ಬ ಊರು ಬಿಟ್ಟ. ನೀವೂ ಜೀನೂ ಬರ್ತೀರಾ?"

"ನಾವು ವೈರಿಗಳಲ್ವಾ ಕೋಚ್?"

"ಅದಕ್ಕೇ ಕೇಳ್ತಿರೋದು. ನಿಮ್ಮ ಅಳತೆಯ ಮೇಲೆ ನಮ್ಮೂರಲ್ಲಿ ಯಾರೂ ಜಗಳ ಆಡಲ್ಲ."

ಹೀಗೆ ಎಪ್ಪತ್ತೊಂದನೇ ವಯಸ್ಸಿನಲ್ಲಿ ಲಿಡ್ಡಿ ಮೊದಲ ಬಾರಿಗೆ ಟೋರ್ವಿಕ್‌ನ ಮೈದಾನದಲ್ಲಿ ಕೋಲು ಹಿಡಿದಳು. ಅಲ್ಲಿ ಎದುರಾಳಿಗಳ ಬದಿ ಅಂದರೆ ನಮ್ಮವರ ಬದಿ. ಅಷ್ಟು ವರ್ಷಗಳಲ್ಲಿ ನಮ್ಮ ಹುಡುಗರ ಪಕ್ಕದಲ್ಲಿ ನಿಂತದ್ದು ಅವಳಿಗೆ ಅದೇ ಮೊದಲು. ನೂರು ಮಂದಿ ಇದ್ದರು, ಹೊಸ ಹೆಲ್ಮೆಟ್ಟುಗಳು ಮಿರಮಿರ ಮಿಂಚುತ್ತಿದ್ದವು. ಎದುರಿನ ಬೆಂಚಿನಲ್ಲಿ ಗೂಳಿಗಳು ಇಪ್ಪತ್ತೊಂಬತ್ತು.

ಮಧ್ಯಂತರ ಮುಗಿದು ಆಟ ಮತ್ತೆ ಶುರುವಾದಾಗ ನಮ್ಮವರು ಮೂವತ್ತೇಳು ಅಂಕ, ಅವರು ಸೊನ್ನೆ. ಲಿಡ್ಡಿಯ ಪಕ್ಕದಲ್ಲಿದ್ದ ದಪ್ಪನೆಯ ಹುಡುಗನೊಬ್ಬ ಗೆಳೆಯನಿಗೆ ಹೇಳುತ್ತಿದ್ದ: "ಇವರನ್ನ ಸೋಲಿಸೋಕೆ ನಾವ್ಯಾಕೋ ಬರಬೇಕಿತ್ತು. ನಮ್ಮಜ್ಜೀನ ಕಳಿಸಿದ್ರೆ ಸಾಕಿತ್ತು."

ಲಿಡ್ಡಿ ಅವನ ಅಂಗಿಯ ಬೆನ್ನಿನ ಮೇಲಿದ್ದ ಹೆಸರು ಓದಿದಳು. "ಪಾವೆಲ್ಕಾ. ನೀನು ಜೆರೋಮ್‌ನ ಮಗನೇನೋ?"

"ಹೌದು ಮ್ಯಾಮ್."

"ಎಂಬತ್ತಮೂರರಲ್ಲಿ ನಿಮ್ಮಪ್ಪನ್ನ ಗೂಳಿಗಳು ಎತ್ತಿ ತಂದು ನನ್ನ ಕಾಲ ಹತ್ರ ಹಾಕಿದ್ರು. ಹೆಲ್ಮೆಟ್ಟು ತಿರುಗಿಹೋಗಿತ್ತು. ಕಿವಿಯ ತೂತಿನಿಂದ ನೋಡ್ತಾ, 'ನಮ್ಮ ಬೆಂಚು ಎಲ್ಲಿ?' ಅಂತ ಕೇಳಿದ. ನಾನೇ ತಿರುಗಿಸಿ ಕಳಿಸಿದೆ."

ಸುತ್ತಲಿನ ಹುಡುಗರು ನಕ್ಕರು. ಪಾವೆಲ್ಕಾನ ಕಿವಿ ಕೆಂಪಾಯಿತು. "ಅಪ್ಪ ಆ ಆಟದಲ್ಲಿ ಚೆನ್ನಾಗಿ ಆಡಿದೆ ಅಂತಾನೆ."

"ಚೆನ್ನಾಗೇ ಆಡಿದ. ಐವತ್ತೆರಡು ಅಂಕ ಹೊಡೆಸ್ಕೊಂಡ್ರೂ ಕೊನೇವರೆಗೂ ಎದ್ದು ಎದ್ದು ಹೋದ. ಅಲ್ಲಿ ನೋಡು, ಅವರೂ ಹಾಗೇ ಎದ್ದು ಎದ್ದು ಹೋಗ್ತಿದ್ದಾರೆ."

ಹುಡುಗ ಗೆರೆಯ ಹತ್ತಿರಕ್ಕೆ ಬಂದು ಆಟ ನೋಡತೊಡಗಿದ.

ಕೊನೆಯ ಅವಧಿಯಲ್ಲಿ ನಮ್ಮ ಕೋಚ್ ಎಳೆಯ ಹುಡುಗರನ್ನು ಇಳಿಸಿದ. ಗೂಳಿಗಳು ಐದು ಗಜ, ಮೂರು ಗಜ, ಆರು ಗಜ ಎಂದು ಮುಂದೆ ಬರತೊಡಗಿದರು. ಲಿಡ್ಡಿ ಮತ್ತು ಜೀನ್ ಸರಪಳಿ ಎತ್ತಿಕೊಂಡು ಅವರ ಜೊತೆಗೇ ನಡೆದರು, ಒಂದು ಸಲ, ಎರಡು ಸಲ, ಐದು ಸಲ. ಲಿಡ್ಡಿಯ ತುಟಿ ಅಲುಗಾಡುತ್ತಿತ್ತು.

"ಲಿಡ್ಡೀ, ನಾವು ಯಾರ ಕಡೆ?" ಎಂದು ಜೀನ್ ಕೇಳಿದ.

"ನೀನು ನಿನ್ನ ಕೋಲು ನೋಡ್ಕೋ."

ಆಟ ಮುಗಿಯಲು ನಲವತ್ತು ಸೆಕೆಂಡು ಇರುವಾಗ ಗೂಳಿಗಳ ಒಬ್ಬ ಕುಳ್ಳ ಹುಡುಗ ಚೆಂಡು ಹೊಟ್ಟೆಗೆ ಅವಚಿಕೊಂಡು ಗೋಲಿನ ಗೆರೆ ದಾಟಿ ಬಿದ್ದ. ಆರು ಅಂಕ. ಅದರ ಮೇಲೆ ಸಿಗುವ ಹೆಚ್ಚಿನ ಒಂದು ಅಂಕಕ್ಕೆ ಒದ್ದ ಚೆಂಡು ಕಂಬಕ್ಕೆ ಬಡಿದು ವಾಪಸ್ ಬಂತು. ಯಾರೂ ಅದನ್ನು ಲೆಕ್ಕಕ್ಕಿಡಲಿಲ್ಲ. ಟೋರ್ವಿಕ್‌ನ ಜನ ಎದ್ದು ನಿಂತರು, ಆಟ ಮುಗಿದ ಮೇಲೂ ಕೂರಲಿಲ್ಲ. ನಮ್ಮ ಕಡೆಯ ಮೆಟ್ಟಿಲುಗಳಲ್ಲೂ ಒಬ್ಬೊಬ್ಬರಾಗಿ ಎದ್ದರು. ಪಾವೆಲ್ಕಾ ಮೈದಾನ ದಾಟಿ ಹೋಗಿ ಆ ಕುಳ್ಳ ಹುಡುಗನ ಕೈ ಕುಲುಕಿದ.

ಸಂಜೆ ಚರ್ಚಿನ ನೆಲಮಾಳಿಗೆಯಲ್ಲಿ ಎರಡೂ ಊರಿನವರಿಗೆ ಊಟ. ಸ್ಟೆನ್ಸ್‌ರುಡ್ ಊರುಗೋಲು ಒರಗಿಸಿ ಲಿಡ್ಡಿಯ ಎದುರಿಗೆ ಕೂತ.

"ಗೆದ್ದಿರಿ. ಹೇಗನ್ನಿಸ್ತಿದೆ?"

"ತೊಂಬತ್ತೊಂಬತ್ತರಲ್ಲಿ ಚೆನ್ನಾಗಿತ್ತು, ಕೋಚ್. ಆಮೇಲೆ ಅಷ್ಟಕ್ಕಷ್ಟೆ."

ಅವನು ತಲೆಯಾಡಿಸಿದ. "ನಮಗೂ ಬರೀ ಗೆದ್ದೂ ಗೆದ್ದೂ ಬೇಜಾರಾಗಬೇಕಿತ್ತು. ಆದ್ರೆ ನೀವು ಪ್ರತಿ ವರ್ಷ ಈ ಸಲ ನಮ್ಮದೇ ಅನ್ನೋ ಮುಖ ಹೊತ್ತು ಬರ್ತಿದ್ರಿ. ಆ ಮುಖ ನೆನೆಸ್ಕೊಂಡ್ರೆ ಆಟದ ಹಿಂದಿನ ರಾತ್ರಿ ನನಗೆ ನಿದ್ದೆ ಬರ್ತಿರಲಿಲ್ಲ."

"ನಿಮಗೆ ನಿದ್ದೆ ಬರ್ತಿರಲಿಲ್ವಾ?"

"ಒಂದು ವರ್ಷವೂ ಇಲ್ಲ. ಬೇಕಾದ್ರೆ ಇವಳನ್ನ ಕೇಳಿ."

ಇಂಗ್ರಿಡ್ ತಟ್ಟೆಗೆ ಇನ್ನಷ್ಟು ಮಾಂಸದ ಉಂಡೆ ಹಾಕುತ್ತಾ, "ಎದ್ದು ಕೂತು ನನ್ನ ನಿದ್ದೇನೂ ಕೆಡಿಸ್ತಿದ್ರು," ಅಂದಳು.

ಈ ಮಾತು ಕೇಳೋಕೆ ಮಿಲೋ ಇರಬೇಕಿತ್ತು ಅನ್ನಿಸಿತು ಲಿಡ್ಡಿಗೆ. ಹಾಗಂತ ಗಟ್ಟಿಯಾಗಿ ಹೇಳಿದಳು ಕೂಡ.

ಮರುವರ್ಷ ಲಿಡ್ಡಿ ಕೋಲನ್ನು ಜೀನ್‌ನ ಮಗಳಿಗೆ ಒಪ್ಪಿಸಿದಳು. ಗೂಳಿಗಳ ವಾರಕ್ಕೆ ಈಗ ಇನ್ನಾವುದೋ ದೂರದ ಕಾಲೇಜು ಬರುತ್ತದೆ. ಅದರ ಹೆಸರು ಕೇಳಿದರೆ ಲಿಡ್ಡಿ ಪ್ರತಿ ಸಲವೂ ಯೋಚಿಸಬೇಕು. ಆ ಶನಿವಾರ ಅವಳು ಮೈದಾನಕ್ಕೆ ಹೋಗುವುದಿಲ್ಲ, ಟೋರ್ವಿಕ್‌ನ ಸ್ಟೆನ್ಸ್‌ರುಡ್ ಮನೆಗೆ ಹೋಗುತ್ತಾಳೆ. ಮೊದಲು ಮೂವರೂ ರೇಡಿಯೋದಲ್ಲಿ ನಮ್ಮ ಆಟ ಕೇಳುತ್ತಿದ್ದರು, ಸ್ಟೆನ್ಸ್‌ರುಡ್ ಉದ್ದಕ್ಕೂ ನಮ್ಮ ಕೋಚನ್ನು ಬೈಯುತ್ತಿದ್ದ. ಅವನು ತೀರಿಹೋದ ಮೇಲಿನ ಮೊದಲ ಅಕ್ಟೋಬರಿನಲ್ಲಿ ಲಿಡ್ಡಿ ರೇಡಿಯೋ ಹಚ್ಚಲು ಕೈ ಚಾಚಿದಾಗ ಇಂಗ್ರಿಡ್ ತಡೆದಳು.

"ಬೇಜಾರು ಮಾಡ್ಕೋಬೇಡ ಲಿಡ್ಡಿ. ಅರವತ್ತು ವರ್ಷ ಅವರ ಜೊತೆ ಬಾಳಿದೆ, ಆ ಆಟ ಒಂದು ದಿನವೂ ನನಗೆ ಇಷ್ಟ ಆಗಲಿಲ್ಲ."

ಅಂದಿನಿಂದ ಆ ಶನಿವಾರ ಇಬ್ಬರೂ ಇಸ್ಪೀಟು ಆಡುತ್ತಾರೆ. ಇಂಗ್ರಿಡ್ ಎಲೆ ಕದಿಯುತ್ತಾಳೆ ಎಂಬುದು ಲಿಡ್ಡಿಗೆ ಗೊತ್ತು. ಏನೂ ಅನ್ನುವುದಿಲ್ಲ.